ಮಿಷೆಲಿನ್ ಪೈಲಟ್ ಸ್ಪೋರ್ಟ್ 4ಎಸ್: ಕಾಸರಗೋಡಿನ ರಸ್ತೆಯಲ್ಲಿ ಎಷ್ಟು ಬಾಳುತ್ತದೆ?

ಕಾಸರಗೋಡಿನ ಕೆಎಲ್ 14 ನಂಬರಿನ ಸ್ಪೋರ್ಟ್ಸ್ ಕಾರು ಈಗ ತಿರುಗಿ ನೋಡುವಷ್ಟು ಅಪರೂಪವಲ್ಲ. ಬಿಎಂಡಬ್ಲ್ಯು ಎಂ340ಐ, ಝಡ್4, ಪೋರ್ಷೆ 718, ಅಲ್ಲೊಂದು ಇಲ್ಲೊಂದು 911. ಇವನ್ನು ಇಟ್ಟುಕೊಂಡವರೆಲ್ಲರ ತಕರಾರು ಒಂದೇ ತರ: ಹಿಂದಿನ ಟಯರ್ ಬೋಳಾಗಿದೆ, ಮುಂದಿನದ್ದು ಇನ್ನೂ ಹೊಸದರ ಹಾಗೇ ಉಂಟು, ಇಷ್ಟು ದುಡ್ಡು ಕೊಟ್ಟು ಏನು ಬಂತು? ಈ ಕಾರುಗಳಿಗೆ ಹೆಚ್ಚಾಗಿ ಬೀಳುವ ಟಯರುಗಳಲ್ಲಿ ಒಂದು ಪೈಲಟ್ ಸ್ಪೋರ್ಟ್ 4ಎಸ್. ತೀರ್ಪು ಮೊದಲೇ ಹೇಳಿಬಿಡುವುದಾದರೆ, ಟಯರ್ ಒಳ್ಳೆಯದು, ಅದರ ಜಾತಿಯಲ್ಲಿ ಬಾಳಿಕೆಯೂ ಕಡಿಮೆಯಲ್ಲ. ಆದರೆ ನಮ್ಮ ಕಡೆ ಅದರ ಆಯುಷ್ಯವನ್ನು ಕಿಲೋಮೀಟರಿನಲ್ಲಿ ಅಳೆದರೆ ಲೆಕ್ಕ ತಪ್ಪುತ್ತದೆ. ಮೇ ತಿಂಗಳ ಕೊನೆಗೆ ಟ್ರೆಡ್ (ನೆಲಕ್ಕೆ ತಾಗುವ ತೋಡುಗಳ ರಬ್ಬರು) ಎಷ್ಟು ಮಿಲ್ಲಿಮೀಟರ್ ಉಳಿದಿದೆ ಎಂಬುದೇ ಇಲ್ಲಿ ಲೆಕ್ಕ.

ಟಯರ್ ಬಗ್ಗೆ ಸ್ವಲ್ಪ. ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಹೊರಭುಜಕ್ಕೆ, ಅಂದರೆ ಟ್ರೆಡ್‌ನ ಹೊರ ಅಂಚಿಗೆ ಒಂದು ರಬ್ಬರು, ಒಳಬದಿಗೆ ಇನ್ನೊಂದು: ಒಣ ರಸ್ತೆಯ ತಿರುವಿನಲ್ಲಿ ಭಾರ ಹೊರುವುದು ಹೊರಗಿನದ್ದು, ಒದ್ದೆಯಲ್ಲಿ ಹಿಡಿಯುವುದು ಒಳಗಿನದ್ದು. ಅದಕ್ಕೇ ಟಯರಿನ ಪಕ್ಕದ ಗೋಡೆಯಲ್ಲಿ ‘ಔಟ್‌ಸೈಡ್’ ಎಂದು ಅಚ್ಚಾಗಿರುವ ಬದಿ ಹೊರಗೇ ಇರಬೇಕು. ಅದೇ ಪಕ್ಕದಲ್ಲಿ ಟ್ರೆಡ್‌ವೇರ್ 300 ಎಂಬ ಸಂಖ್ಯೆಯೂ ಸಿಗುತ್ತದೆ. ಅದು ಅಮೆರಿಕದ ಟಯರ್ ದರ್ಜೆ ಪದ್ಧತಿಯಾದ ಯುಟಿಕ್ಯೂಜಿಯ ಅಂಕ. ಟೆಕ್ಸಾಸ್‌ನ ರಸ್ತೆಗಳಲ್ಲಿ 7,200 ಮೈಲು, ಅಂದರೆ ಸುಮಾರು 11,500 ಕಿ.ಮೀ. ಓಡಿಸಿ, 100 ಅಂಕದ ಮಾದರಿ ಟಯರಿನ ಸವೆತಕ್ಕೆ ಹೋಲಿಸಿ ಕೊಡುವಂಥದ್ದು. 300 ಅಂದರೆ ಆ ಮಾದರಿಯ ಮೂರು ಪಟ್ಟು ಬಾಳಿಕೆ. ಆದರೆ ಅಂಕ ಕೊಟ್ಟುಕೊಳ್ಳುವುದು ತಯಾರಕರೇ. ಹಾಗಾಗಿ ಒಂದು ಕಂಪನಿಯ 300ನ್ನು ಇನ್ನೊಂದರ 240ರ ಪಕ್ಕ ಇಟ್ಟು ತೂಗುವುದರಲ್ಲಿ ಅರ್ಥವಿಲ್ಲ. ಒಂದೇ ಕಂಪನಿಯ ಎರಡು ಟಯರುಗಳನ್ನು ಹೋಲಿಸಲು ಸಾಕು. ಮಿಷೆಲಿನ್‌ನದ್ದೇ, ರೇಸ್ ಟ್ರ್ಯಾಕಿಗೂ ಆಗುವ ಪೈಲಟ್ ಸ್ಪೋರ್ಟ್ ಕಪ್ 2 ಟಯರಿಗೆ 180. ಮನೆಯಿಂದ ಆಫೀಸಿಗೆ ಓಡುವ ಸೆಡಾನ್‌ಗಳ ಟಯರಿನಲ್ಲಿ 500 ದಾಟಿದ್ದೂ ಸಿಗುತ್ತದೆ.

ಕಂಪನಿಯ ಲೆಕ್ಕ ತಿಳಿಯಬೇಕಾದರೆ ಅವರ ಅಮೆರಿಕದ ವಾರಂಟಿ ನೋಡಿ. 4ಎಸ್‌ಗೆ ಅಲ್ಲಿ 30,000 ಮೈಲಿನ, ಸುಮಾರು 48,000 ಕಿ.ಮೀ.ಯ ಸವೆತದ ಭರವಸೆ ಉಂಟು. ಹಿಂದಿನ ಚಕ್ರದ ಸೈಜ್ ಮುಂದಿನದಕ್ಕಿಂತ ಬೇರೆ ಇದ್ದರೆ ಮಾತ್ರ ಹಿಂದಿನದಕ್ಕೆ ಅದರ ಅರ್ಧ. ಆ ವಾರಂಟಿಯನ್ನು ಇಲ್ಲಿಯ ಅಂಗಡಿಯಲ್ಲಿ ಕೇಳಬೇಡಿ, ನಕ್ಕಾರು. ಹಿಂದಿನದ್ದು ಅರ್ಧದಲ್ಲೇ ಮುಗಿಯುತ್ತದೆ ಎಂದು ಮಾಡಿದವರೇ ಒಪ್ಪಿಕೊಂಡಿದ್ದಾರೆ ಎಂಬುದಷ್ಟೇ ಇಲ್ಲಿ ಮುಖ್ಯ.

ಯಾಕೆ ಅರ್ಧ? 992 ತಲೆಮಾರಿನ 911 ಕರೆರಾ ಎಸ್‌ನಲ್ಲಿ ಮುಂದೆ 245/35 ಆರ್20 (ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ 35 ಶೇಕಡ, ರಿಮ್ 20 ಇಂಚು), ಹಿಂದೆ 305/30 ಆರ್21. ಎಂಜಿನ್ ಹಿಂದೆ, ತೂಕದ ದೊಡ್ಡ ಪಾಲು ಹಿಂದೆ, ಎಂಜಿನ್ನಿನ ಎಳೆತ ಇಳಿಯುವುದೂ ಹಿಂದೆಯೇ. ಸೈಜ್ ಬೇರೆ ಆದ್ದರಿಂದ ಹಿಂದಿನದನ್ನು ಮುಂದೆ ಹಾಕಿ ಸವೆತ ಹಂಚಲು ದಾರಿಯಿಲ್ಲ. ಸಮಾನ ಸೈಜಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನಂಥ, ಮುಂಚಕ್ರಕ್ಕೆ ಎಂಜಿನ್ನಿನ ಎಳೆತ ಇರುವ ಗಾಡಿಗಳಲ್ಲಿ ಕಥೆ ತಿರುಗಾ ಮುರುಗಾ: ಅಲ್ಲಿ ಮೊದಲು ಸವೆಯುವುದು ಮುಂದಿನದ್ದು, 8,000 ಕಿ.ಮೀ.ಗೊಮ್ಮೆ ಹಿಂದೆ ಮುಂದೆ ಬದಲಿಸಿದರೆ ನಾಲ್ಕೂ ಒಟ್ಟಿಗೆ ಮುಗಿಯುತ್ತವೆ. ಸ್ಪೋರ್ಟ್ಸ್ ಕಾರಿನವರಿಗೆ ಆ ಭಾಗ್ಯ ಇಲ್ಲ.

ಈಗ ಮಿಲ್ಲಿಮೀಟರಿನ ಲೆಕ್ಕ. ಹೊಸ 4ಎಸ್‌ನ ಟ್ರೆಡ್ ಸುಮಾರು 7.5 ಮಿ.ಮೀ. ಕೇಂದ್ರ ಮೋಟಾರು ವಾಹನ ನಿಯಮಗಳ 94ನೇ ನಿಯಮದಂತೆ ಕಾರಿಗೆ ಕನಿಷ್ಠ 1.6 ಮಿ.ಮೀ. ಬೇಕು, ಟ್ರೆಡ್‌ನ ತಳದಲ್ಲಿ ಅಡ್ಡಕ್ಕೆ ಕಾಣುವ ಸಣ್ಣ ದಿಂಡುಗಳು ಆ ಗಡಿಯ ಗುರುತು. ಕಾಗದದಲ್ಲಿ 5.9 ಮಿ.ಮೀ. ಬಳಕೆಗೆ ಸಿಗುತ್ತದೆ. ಆದರೆ ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ ಜಿಲ್ಲೆಯಲ್ಲಿ 1.6ರ ತನಕ ಓಡಿಸುವುದು ಕಾನೂನಿಗೆ ಸರಿ, ಬುದ್ಧಿಗೆ ಸರಿಯಲ್ಲ. ಉದ್ದಕ್ಕಿರುವ ಗ್ರೂವ್‌ಗಳು ನೀರು ಹೊರಗೆ ಹಾಕುವ ತೋಡುಗಳು. ತೋಡು ಹೂತುಹೋದರೆ ತೋಟದಲ್ಲಿ ಏನಾಗುತ್ತದೋ ಟಯರಿನಡಿಯಲ್ಲೂ ಅದೇ ಆಗುತ್ತದೆ: ನೀರು ನಿಂತುಬಿಡುತ್ತದೆ, ರಬ್ಬರು ಅದರ ಮೇಲೆ ತೇಲುತ್ತದೆ. 305 ಮಿ.ಮೀ. ಅಗಲದ ಟಯರ್ ತಳ್ಳಬೇಕಾದ ನೀರು ಮಾಮೂಲಿ 185ರದ್ದಕ್ಕಿಂತ ಎಷ್ಟೋ ಹೆಚ್ಚು, ಹಾಗಾಗಿ ಬೇಗ ತೇಲುತ್ತದೆ. ಅಗಲ ಟಯರ್ ಅಂದರೆ ಮಳೆಯಲ್ಲೂ ಹೆಚ್ಚು ಹಿಡಿತ ಎಂದು ನಂಬಿದವರು ಬಹಳ ಜನ. ಟ್ರೆಡ್ ಇರುವ ತನಕ ಆ ನಂಬಿಕೆ ನಡೆಯುತ್ತದೆ. ಮಳೆಗಾಲಕ್ಕೆ 3 ಮಿ.ಮೀ.ಯನ್ನೇ ಕೊನೆ ಎಂದು ಇಟ್ಟುಕೊಳ್ಳಿ.

ಅಲ್ಲಿಗೆ ಬಳಕೆಗೆ ಉಳಿಯುವುದು 4.5 ಮಿ.ಮೀ. ಹಿಂದಿನ ಟಯರ್ 3,000 ಕಿ.ಮೀ.ಗೆ 1 ಮಿ.ಮೀ. ಸವೆಯುತ್ತಿದ್ದರೆ 13,500 ಕಿ.ಮೀ.ಗೆ ಮುಗಿಯಿತು. ಮುಂದಿನದ್ದು 6,000ಕ್ಕೆ 1 ಮಿ.ಮೀ. ಆದರೆ 27,000. ಒಂದು ಮುಂದಿನ ಜೋಡಿಗೆ ಎರಡು ಹಿಂದಿನ ಜೋಡಿ. ಸರಿಯಾಗಿ ನೋಡಿಕೊಂಡ ಹಿಂಚಕ್ರದ ಸ್ಪೋರ್ಟ್ಸ್ ಕಾರಿನಲ್ಲಿ ಇದು ಮಾಮೂಲು ಪ್ರಮಾಣ. ಹಿಂದಿನದ್ದು 12,000ದಿಂದ 20,000ದ ನಡುವೆ ಹೋದರೆ ಟಯರನ್ನು ದೂರಬೇಡಿ. 8,000ಕ್ಕೇ ಹೋದರೆ ಮಾತ್ರ ದೋಷ ಹುಡುಕಬೇಕು, ಅದು ಹೆಚ್ಚಿನ ಸಲ ರಬ್ಬರಿನಲ್ಲಿ ಇರುವುದಿಲ್ಲ. ಇನ್ನೊಂದು ಮಾತು: ಟ್ರೆಡ್ ದಪ್ಪ ಇರುವಾಗ ತೋಡುಗಳ ನಡುವಿನ ರಬ್ಬರ್ ತುಂಡುಗಳು ಹೆಚ್ಚು ಅಲುಗಾಡುವುದರಿಂದ ಮೊದಲ ಮಿಲ್ಲಿಮೀಟರ್ ಬೇಗ ಹೋಗುತ್ತದೆ. ಅದನ್ನು ನೋಡಿ ಗಾಬರಿ ಬೀಳುವುದು ಬೇಡ.

ಅಳೆಯಲು ಕೆಲವು ನೂರು ರೂಪಾಯಿಯ ಡೆಪ್ತ್ ಗೇಜ್ ಸಾಕು. ಪ್ರತಿ ಟಯರಿನಲ್ಲೂ ಒಳಗಿನ, ನಡುವಿನ, ಹೊರಗಿನ ತೋಡು. ಚಕ್ರವನ್ನು ಸ್ವಲ್ಪ ಸ್ವಲ್ಪ ಉರುಳಿಸಿ ಮೂರು ಜಾಗದಲ್ಲಿ. ಒಂದು ಟಯರಿಗೆ ಒಂಬತ್ತು ಸಂಖ್ಯೆ, ಅದರಲ್ಲಿ ಅತಿ ಕಡಿಮೆಯದ್ದೇ ಆ ಟಯರಿನ ಆಳ. ಸರಾಸರಿ ತೆಗೆಯಬೇಡಿ. ಬದಿಯಲ್ಲಿ ನಿಂತು ನೋಡಿದರೆ ಹೊರಭುಜ ಚಂದ ಕಾಣುತ್ತದೆ, ಒಳಭುಜದಲ್ಲಿ ರಬ್ಬರಿನ ಅಡಿಯ ಉಕ್ಕಿನ ತಂತಿ ಎದ್ದಿರುತ್ತದೆ. ಮುಂದಿನದಾದರೆ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನೋಡಬಹುದು. ಹಿಂದಿನದಕ್ಕೆ ಟಾರ್ಚ್ ಹಿಡಿದು ನೆಲಕ್ಕೆ ಬಗ್ಗಲೇಬೇಕು, ಇಲ್ಲವೇ ಗಾಡಿಯನ್ನು ಲಿಫ್ಟಿಗೆ ಏರಿಸಬೇಕು.

ಒಳಭುಜ ಸವೆದದ್ದಕ್ಕೆ ಎಲ್ಲರೂ ಬೈಯುವುದು ಕ್ಯಾಂಬರನ್ನು, ಅಂದರೆ ಚಕ್ರದ ವಾಲನ್ನು. ಈ ಗಾಡಿಗಳ ಹಿಂದಿನ ಚಕ್ರ ಮೇಲ್ಗಡೆ ಒಳಕ್ಕೆ ವಾಲಿರುವುದು ನಿಜ, ತಿರುವಿನಲ್ಲಿ ಟಯರ್ ಪೂರ್ತಿ ನೆಲಕ್ಕೆ ಕೂರಲಿ ಎಂದೇ ಹಾಗೆ ಇಟ್ಟಿರುತ್ತಾರೆ. ಅದರಿಂದ ಒಳಬದಿ ಸ್ವಲ್ಪ ಮುಂಚೆ ಸವೆಯುತ್ತದೆ. ಆದರೆ ಟಯರನ್ನು ನಿಜವಾಗಿ ಕೊಲ್ಲುವುದು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಒಂದು ಚಕ್ರದ ಟೋ ಬರೇ 0.1 ಡಿಗ್ರಿ ತಪ್ಪಿದ್ದರೆ ಅದು ಪ್ರತಿ ಕಿಲೋಮೀಟರಿಗೆ 1.7 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋದ ಲೆಕ್ಕ. 10,000 ಕಿ.ಮೀ.ಗೆ 17 ಕಿ.ಮೀ. ಅಡ್ಡ ಎಳೆತ! ಕ್ಯಾಂಬರ್‌ನಿಂದ ಒಳಬದಿಗೆ ಭಾರ ಬಿದ್ದಿರುವಾಗ ಈ ಉಜ್ಜಾಟವೂ ಸೇರಿದರೆ ಆ ಎರಡು ಇಂಚು ರಬ್ಬರು ಎಷ್ಟು ದಿನ ಉಳಿದೀತು? ಗೊತ್ತಾಗಲು ಸುಲಭ ದಾರಿ ಉಂಟು. ಅಂಗೈಯನ್ನು ಟ್ರೆಡ್ ಮೇಲೆ ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಆಡಿಸಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ಸಿಕ್ಕಿದರೆ ಟೋ ಕೆಟ್ಟಿದೆ. ತಂತಿ ಎದ್ದಿಲ್ಲ ಎಂದು ಮೊದಲು ಕಣ್ಣಲ್ಲಿ ನೋಡಿಕೊಳ್ಳಿ, ಕೈ ಕೊಯ್ದೀತು.

ಅಲೈನ್‌ಮೆಂಟ್ ಅಂಗಡಿಯಲ್ಲಿ ಮೊದಲು ಹಿಂದಿನ ಆಕ್ಸಲ್, ಆಮೇಲೆ ಮುಂದಿನದ್ದು. ತಿರುಗಿಸಿ ಮಾಡಿದರೆ ಸ್ಟಿಯರಿಂಗ್ ಓರೆ ನಿಲ್ಲುತ್ತದೆ. ‘ಹಿಂದೆ ಅಡ್ಜಸ್ಟ್‌ಮೆಂಟ್ ಇಲ್ಲ’ ಎಂದು ಹೇಳಿ ಕಳಿಸುವ ಅಂಗಡಿಗಳು ಇವೆ. 3 ಸೀರೀಸ್, 718, 911 ಎಲ್ಲದರಲ್ಲೂ ಹಿಂದಿನ ಟೋ ಸರಿಪಡಿಸಬಹುದು. ಅವರ ಅಡಚಣೆ ಬೇರೆ: ಕಡಲ ಗಾಳಿಗೆ ಟೋ ಹೊಂದಿಸುವ ಎಕ್ಸೆಂಟ್ರಿಕ್ ಬೋಲ್ಟ್‌ಗಳು ತುಕ್ಕು ಹಿಡಿದು ಸಸ್ಪೆನ್ಷನ್ನಿನ ರಬ್ಬರ್ ಬುಶ್ಶಿನ ಒಳಕೊಳವೆಗೆ ಕಚ್ಚಿಕೊಂಡಿರುತ್ತವೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಹೋಗಿ. ತುಂಡಾದರೆ ಹಾಕಲು ಹೊಸ ಬೋಲ್ಟ್ ಮೊದಲೇ ತರಿಸಿಟ್ಟಿರಿ. ಮುಗಿದ ಮೇಲೆ, ಸರಿಮಾಡುವ ಮೊದಲಿನ ಮತ್ತು ಆಮೇಲಿನ ಅಂಕಿಗಳಿರುವ ಪ್ರಿಂಟ್ ಕೇಳಿ. ಅಂಕಿ ಹಸಿರು ತೋರಿಸಿಯೂ ಟಯರ್ ಸವೆಯುತ್ತಿದ್ದರೆ ಬುಶ್ ಸಡಿಲ: ನಿಂತಾಗ ಟೋ ಸರಿ, ಬ್ರೇಕ್ ಒತ್ತಿದಾಗ ತಪ್ಪು.

ಗಾಳಿಯ ವಿಷಯ ಎಲ್ಲರಿಗೂ ಗೊತ್ತು, ತಪ್ಪುವುದೂ ಅಲ್ಲೇ. ಬಾಗಿಲ ಕಂಬದ ಸ್ಟಿಕರಿನಲ್ಲಿರುವ ಅಂಕಿ ತಣ್ಣಗಿರುವ ಟಯರಿನದ್ದು. ಮಂಗಳೂರಿನಿಂದ ಓಡಿಸಿಕೊಂಡು ಬಂದು ಕುಂಬಳೆಯಲ್ಲಿ ಬಂಕ್‌ಗೆ ನುಗ್ಗಿದಾಗ ಟಯರ್ ಕಾದು 4–6 ಪಿಎಸ್‌ಐ ಏರಿರುತ್ತದೆ. ಹುಡುಗ ಅದನ್ನು ಸ್ಟಿಕರಿನ ಅಂಕಿಗೆ ಇಳಿಸುತ್ತಾನೆ. ಮರುದಿನ ಬೆಳಿಗ್ಗೆ ಗಾಳಿ ಅಷ್ಟೇ ಕಡಿಮೆ, ಎರಡೂ ಭುಜ ಸವೆಯಲು ಶುರು. ಮನೆಯಲ್ಲೇ ಬೆಳಿಗ್ಗೆ ಹಾಕಿ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ.

ರಸ್ತೆಗೆ ಬರೋಣ. ತಲಪಾಡಿ–ಚೆಂಗಳ ಆರು ಪಥದ ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋದರೆ ಟಯರ್ ಸವೆಯುವುದೇ ಕಡಿಮೆ. ತಿನ್ನುವುದು ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರಿಗೆ ಹೋಗುವ ರಸ್ತೆ, ನಂದಾರಪದವಿನಿಂದ ಚೆರುಪುಳಕ್ಕೆ ಹೋಗುವ ಹಿಲ್ ಹೈವೇ, ಮತ್ತೆ ಎಲ್ಲರೂ ಭಾನುವಾರ ಓಡುವ ಸಂಪಾಜೆ ಘಾಟಿ. ತಿರುವಿನ ಅಡ್ಡಬಲ ವೇಗದ ವರ್ಗಕ್ಕೆ ಏರುತ್ತದೆ: 40ರ ಬದಲು 50ರಲ್ಲಿ ತಿರುಗಿದರೆ ಒಂದೂವರೆ ಪಟ್ಟು ದಾಟಿತು, 60 ಆದರೆ ಎರಡೂಕಾಲು ಪಟ್ಟು. ಮೇಲಿಂದ ತಿರುವು ಮುಗಿಯುವ ಮೊದಲೇ ಚಡಾವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಅಡ್ಡ ಜಾರುವುದು, ಹಿಂದಕ್ಕೆ ಜಾರುವುದು ಎರಡೂ ಹಿಂದಿನ ಟಯರಿನ ತಲೆಗೇ. ಮಾರ್ಚ್–ಏಪ್ರಿಲ್‌ನ ಮಧ್ಯಾಹ್ನ ಡಾಂಬರು ಕಾದಿರುವಾಗ ಈ ಕೆಲಸ ಮಾಡಿದರೆ ಸವೆತ ಇನ್ನೂ ಜಾಸ್ತಿ. ಪದವಿನ ಬಯಲಿನಲ್ಲಿ ಹೊಗೆ ಎಬ್ಬಿಸಿ ವಿಡಿಯೊ ತೆಗೆಯುವವರ ಟಯರಿನ ಬಗ್ಗೆ ಇಲ್ಲಿ ಹೇಳಲು ಏನೂ ಇಲ್ಲ.

ಮಳೆಗಾಲದಲ್ಲಿ ಸವೆತಕ್ಕಿಂತ ದೊಡ್ಡ ಶತ್ರು ಹೊಂಡ. 245/35 ಟಯರಿನ ಪಕ್ಕದ ಗೋಡೆ ಬರೇ 86 ಮಿ.ಮೀ. ಎತ್ತರ. ನೀರು ತುಂಬಿದ ಹೊಂಡಕ್ಕೆ ಇಳಿದರೆ ರಿಮ್ಮಿನ ಅಂಚಿಗೂ ಹೊಂಡದ ಅಂಚಿಗೂ ಸಿಕ್ಕಿ ಒಳಗಿನ ನೂಲು ಹರಿಯುತ್ತದೆ, ಎರಡು ದಿನದಲ್ಲಿ ಪಕ್ಕ ಉಬ್ಬುತ್ತದೆ. ಉಬ್ಬಿದ ಟಯರಿಗೆ ರಿಪೇರಿ ಇಲ್ಲ. ಟ್ರೆಡ್‌ನ ನಡುಭಾಗದ ಮೊಳೆ ತೂತಿಗೆ ಟಯರ್ ಕಳಚಿ ಒಳಗಿನಿಂದ ಹಾಕುವ ಮಶ್ರೂಮ್ ಪ್ಯಾಚ್ ನಡೆಯುತ್ತದೆ. ಹೊರಗಿನಿಂದ ತುರುಕುವ ಬತ್ತಿ ಮನೆ ಮುಟ್ಟುವ ತನಕ ಮಾತ್ರ. ಭುಜದಲ್ಲಿ, ಪಕ್ಕದಲ್ಲಿ ತೂತಾದರೆ ಎರಡೂ ಇಲ್ಲ.

ಕೊಳ್ಳುವಾಗ ಮೊದಲ ತಲೆನೋವು ಸೈಜ್. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು. ಅಂದಿನಿಂದ 20–21 ಇಂಚಿನ ಅಗಲ ಸೈಜುಗಳು ಕೇಳಿದ ದಿನ ಸಿಗುವುದಿಲ್ಲ, ಸಿಕ್ಕಿದ್ದು ಹಳೇ ಸ್ಟಾಕ್ ಆಗಿರುವುದೂ ಉಂಟು. ಪಕ್ಕದಲ್ಲಿ ಡಿಒಟಿ ಎಂಬಲ್ಲಿ ಕೊನೆಯ ನಾಲ್ಕಂಕಿ ಓದಿ: 2324 ಅಂದರೆ 2024ರ 23ನೇ ವಾರ. ಎರಡು ವರ್ಷ ದಾಟಿದ್ದಕ್ಕೆ ಪೂರ್ತಿ ಬೆಲೆ ಕೊಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಟಯರಿನ ಜಿಎಸ್‌ಟಿ 28ರಿಂದ 18 ಶೇಕಡಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅದು ಕಾಣಬೇಕು. ಪೋರ್ಷೆಗೆ ಎನ್0, ಎನ್1 ಗುರುತು, ಬಿಎಂಡಬ್ಲ್ಯುಗೆ ನಕ್ಷತ್ರ: ಆ ಗಾಡಿಗೆಂದೇ ಹದ ಮಾಡಿದ ಟಯರ್ ಎಂಬ ಸೂಚನೆ. ಒಂದೇ ಆಕ್ಸಲ್‌ನಲ್ಲಿ ಗುರುತು ಇದ್ದದ್ದು, ಇಲ್ಲದ್ದು ಬೆರೆಸಬೇಡಿ, ಜೋಡಿಯಾಗಿಯೇ ಬದಲಿಸಿ. ಎಂ340ಐನಂಥ ನಾಲ್ಕು ಚಕ್ರದ ಎಳೆತದ ಗಾಡಿಯಲ್ಲಿ ಹಿಂದೆ ಮುಂದಿನ ಟ್ರೆಡ್‌ಗೆ ಬಹಳ ಅಂತರ ಬಂದರೆ ಎಳೆತವನ್ನು ಹಿಂದೆ ಮುಂದೆ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು, ಮಾನ್ಯುವಲ್ ನೋಡಿಯೇ ತೀರ್ಮಾನಿಸಿ.

ಹಾಕಿಸುವಾಗ ಕಬ್ಬಿಣದ ಸಲಾಕೆ ಹಾಕಿ ಎಬ್ಬುವ ಮೆಷಿನ್‌ಗೆ ಈ ಟಯರ್ ಕೊಡಬೇಡಿ: ರಿಮ್ಮಿಗೆ ಕೂರುವ ಅಂಚು, ಅಂದರೆ ಬೀಡ್ ಹರಿಯುತ್ತದೆ, ಗಾಳಿ ತೋರಿಸುವ ಸೆನ್ಸರ್ ಮುರಿಯುತ್ತದೆ. ಲಿವರ್ ಇಲ್ಲದ ಚೇಂಜರ್ ಹತ್ತಿರ ಇಲ್ಲದಿದ್ದರೆ 50 ಕಿ.ಮೀ. ದೂರದ ಮಂಗಳೂರಿಗೆ ಹೋಗಿ ಬಂದರೂ ನಷ್ಟವಿಲ್ಲ. ಹೊಸ ಟಯರಿನ ಮೊದಲ 200–300 ಕಿ.ಮೀ. ಮೆಲ್ಲ ಓಡಿಸಿ, ಅಚ್ಚಿನ ಜಿಡ್ಡು ಹೋಗುವ ತನಕ ಹಿಡಿತ ಪೂರ್ತಿ ಬರುವುದಿಲ್ಲ.

ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರ ಗಾಡಿಯದ್ದು ಬೇರೆಯೇ ಕಥೆ. ಅಲ್ಲಿ ಟಯರ್ ಸವೆಯುವುದಿಲ್ಲ, ಮುದಿಯಾಗುತ್ತದೆ. ನಿಂತಲ್ಲೇ ನಿಂತು ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ, ರಬ್ಬರು ಗಟ್ಟಿಯಾಗುತ್ತದೆ. ಮನೆಯವರು ಎರಡು ವಾರಕ್ಕೊಮ್ಮೆ ಗಾಡಿಯನ್ನು ಅರ್ಧ ಸುತ್ತು ಸರಿಸಿದರೂ ಸಾಕು. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಪರೀಕ್ಷೆ, ಹತ್ತು ವರ್ಷಕ್ಕೆ ಟ್ರೆಡ್ ಎಷ್ಟಿದ್ದರೂ ಬದಲಿಸುವುದು, ಇದು ಮಿಷೆಲಿನ್‌ನದೇ ಸಲಹೆ.

ಕಪ್ 2 ಹಾಕಿಸಲೇ ಎಂದು ಕೇಳುವವರು ಉಂಟು. ಹೊಸದರಲ್ಲೇ ಅದರ ಟ್ರೆಡ್ ಸುಮಾರು 5.5 ಮಿ.ಮೀ., ತೋಡುಗಳೂ ಕಡಿಮೆ. ನಮ್ಮ 3 ಮಿ.ಮೀ. ಗಡಿ ಹಾಕಿದರೆ ಬಳಕೆಗೆ ಸಿಗುವುದು 2.5 ಮಾತ್ರ, ಅದೂ 180 ಅಂಕದ ರಬ್ಬರಿನಲ್ಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಡಿ ಶೆಡ್ಡಿನಲ್ಲೇ ಇರುವುದಾದರೆ ಹಾಕಿಸಿ. ವರ್ಷವಿಡೀ ಓಡಿಸುವವರಿಗೆ 4ಎಸ್ಸೇ ಸರಿ. ಏಪ್ರಿಲ್ ಮೊದಲ ವಾರ ಗೇಜ್ ಹಾಕಿ, ಹಿಂದಿನದ್ದು 4 ಮಿ.ಮೀ.ಗಿಂತ ಕೆಳಗೆ ಕಂಡರೆ ಆವತ್ತೇ ಆರ್ಡರ್ ಕೊಡಿ. ಸೈಜ್ ಬಂದು ಮುಟ್ಟುವಾಗ ಮೇ ಮುಗಿದಿರುತ್ತದೆ.