ಲೈಸೆನ್ಸ್, ಸಿಎಂಸಿಎ, ಎಎಂಎಸ್, ಪಿಕ್ಯಾಮ್: ನಾಲ್ಕೂ ಮಾಡಿ ನೋಡಿದ ಮೇಲೆ

ಅಮೆರಿಕದಲ್ಲಿ ಕಾಂಡೊ (ಒಂದೊಂದು ಫ್ಲ್ಯಾಟ್‌ಗೂ ಬೇರೆ ಮಾಲೀಕರಿರುವ ಕಟ್ಟಡ) ಅಥವಾ ಎಚ್‌ಒಎ (ಬಡಾವಣೆಯ ಮನೆ ಮಾಲೀಕರ ಸಂಘ) ನೋಡಿಕೊಳ್ಳುವ ಮ್ಯಾನೇಜರ್ ಕೆಲಸಕ್ಕೆ ಬರುವವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾವ ಸರ್ಟಿಫಿಕೇಟ್ ಮಾಡಿದರೆ ಬೋರ್ಡ್‌ನವರು, ಅಂದರೆ ಅಸೋಸಿಯೇಷನ್‌ನ (ಮಾಲೀಕರ ಸಂಘದ) ಆಡಳಿತ ಮಂಡಳಿಯವರು, ನಮ್ಮನ್ನು ನಂಬುತ್ತಾರೆ? ನಾನು ಫ್ಲೋರಿಡಾದ ಸರ್ಕಾರಿ ಲೈಸೆನ್ಸ್‌ನಿಂದ ಶುರು ಮಾಡಿದೆ. ಆಮೇಲೆ ಸರ್ಕಾರದ್ದಲ್ಲದ ಮೂರು: ಸಿಎಂಸಿಎ ಎನ್ನುವ ಸರ್ಟಿಫಿಕೇಟ್, ಎಎಂಎಸ್ ಎನ್ನುವ ಬಿರುದು, ಕೊನೆಗೆ ಅದಕ್ಕಿಂತ ಮೇಲಿನ ಪಿಕ್ಯಾಮ್ (ಪಿಸಿಎಎಂ) ಎನ್ನುವ ಬಿರುದು. ನಾಲ್ಕೂ ಒಂದೇ ಕೆಲಸದ ಹೆಸರಿನಲ್ಲಿ ಬರುತ್ತವೆ, ಆದರೆ ಒಂದೊಂದು ಸಾಬೀತು ಮಾಡುವ ವಿಷಯ ಬೇರೆ. ಇದು ಗೊತ್ತಿಲ್ಲದೆ ದುಡ್ಡು ಕಟ್ಟುವವರನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸದಲ್ಲಿ ನಂಬಿಕೆ ಯಾಕೆ ಇಷ್ಟು ದೊಡ್ಡ ವಿಷಯ ಅಂದರೆ, ನಮ್ಮ ಕೈಯಲ್ಲಿ ಇರುವುದು ಬೇರೆಯವರ ದುಡ್ಡು. ನೂರಾರು ಮನೆಯವರು ತಿಂಗಳು ತಿಂಗಳು ಕಟ್ಟುವ ಅಸೆಸ್‌ಮೆಂಟ್, ಛಾವಣಿಗೆ ಮತ್ತು ಲಿಫ್ಟ್‌ಗೆ ಅಂತ ಎತ್ತಿಟ್ಟ ರಿಸರ್ವ್, ಇನ್ಶೂರೆನ್ಸ್, ಕಾಂಟ್ರಾಕ್ಟ್‌ಗಳು. ತೀರ್ಮಾನ ಮಾಡುವುದು ಬೋರ್ಡ್. ಆದರೆ ಬೋರ್ಡ್‌ನಲ್ಲಿ ಇರುವವರು ಸಂಬಳ ಇಲ್ಲದ ಅಕ್ಕಪಕ್ಕದ ಮನೆಯವರು. ರಿಸರ್ವ್ ಸ್ಟಡಿಯನ್ನು, ಅಂದರೆ ಯಾವ ಭಾಗ ಇನ್ನೆಷ್ಟು ವರ್ಷ ಬಾಳುತ್ತದೆ, ಅದಕ್ಕೆ ಎಷ್ಟು ದುಡ್ಡು ಎತ್ತಿಡಬೇಕು ಅಂತ ಲೆಕ್ಕ ಹಾಕಿದ ವರದಿಯನ್ನು, ಹೇಗೆ ಓದಬೇಕು ಅಂತ ಅವರಿಗೆ ಹೇಳಬೇಕಾದವರು ನಾವು. ನಮಗೇ ಗೊತ್ತಿಲ್ಲದಿದ್ದರೆ?

ಮೊದಲು ಫ್ಲೋರಿಡಾದ ಲೈಸೆನ್ಸ್. ಅಲ್ಲಿ ಇದು ಆಯ್ಕೆಯ ಮಾತಲ್ಲ, ಕಡ್ಡಾಯ. ಹತ್ತಕ್ಕಿಂತ ಜಾಸ್ತಿ ಮನೆ ಇರುವ ಅಥವಾ ವರ್ಷದ ಬಜೆಟ್ 1,00,000 ಡಾಲರ್ ದಾಟುವ ಅಸೋಸಿಯೇಷನ್ ಅನ್ನು ಸಂಬಳಕ್ಕೆ ನೋಡಿಕೊಳ್ಳಬೇಕಾದರೆ ಸಿಎಎಂ (ಕಮ್ಯುನಿಟಿ ಅಸೋಸಿಯೇಷನ್ ಮ್ಯಾನೇಜರ್) ಲೈಸೆನ್ಸ್ ಇರಲೇಬೇಕು. ಕೊಡುವುದು ವೃತ್ತಿಗಳ ಲೈಸೆನ್ಸ್ ನೋಡಿಕೊಳ್ಳುವ ರಾಜ್ಯದ ಡಿಬಿಪಿಆರ್ ಇಲಾಖೆ. ಎರಡು ಮೂರು ದಿನದಲ್ಲಿ ಮುಗಿಯುವ ಒಂದು ಕೋರ್ಸ್, ಬೆರಳಚ್ಚು ಕೊಟ್ಟು ಹಿನ್ನೆಲೆ ತಪಾಸಣೆ, ಆಮೇಲೆ 100 ಪ್ರಶ್ನೆಗಳ ಪರೀಕ್ಷೆ. ಪಾಸಾಗಲು ನೂರಕ್ಕೆ 75 ಬೇಕು.

ಈ ಪರೀಕ್ಷೆಯ ಜೀವಾಳ ಕಾನೂನು. ಕಾಂಡೊಗೆ ಫ್ಲೋರಿಡಾ ಕಾನೂನಿನ 718ನೇ ಅಧ್ಯಾಯ, ಎಚ್‌ಒಎಗೆ 720, ಲಾಭಕ್ಕಲ್ಲದ ಸಂಸ್ಥೆಗಳಿಗೆ 617. ಬೋರ್ಡ್ ಮೀಟಿಂಗ್‌ನ ನೋಟಿಸ್ 48 ಗಂಟೆ ಮೊದಲು ಅಂಟಿಸಬೇಕು. ಸ್ಪೆಷಲ್ ಅಸೆಸ್‌ಮೆಂಟ್ (ಮಾಮೂಲಿ ಕಂತಿನ ಮೇಲೆ ಹೆಚ್ಚುವರಿಯಾಗಿ ಕೇಳುವ ದುಡ್ಡು) ಚರ್ಚೆಗೆ ಬರುವುದಾದರೆ 14 ದಿನ ಮೊದಲು. ಕಾಂಡೊ ಚುನಾವಣೆಯ ಮೊದಲ ನೋಟಿಸ್ 60 ದಿನ ಮೊದಲು. ಇಂಥ ಲೆಕ್ಕಗಳು ಬಾಯಿಪಾಠ ಆಗಬೇಕು. ಬೇಸರದ ಓದು ಅನ್ನಿಸಬಹುದು. ಆದರೆ ನೋಟಿಸ್‌ನಲ್ಲಿ ಒಂದು ದಿನ ಕಡಿಮೆಯಾದರೂ ಯಾರಾದರೂ ಒಬ್ಬ ಮಾಲೀಕರು ಇಡೀ ತೀರ್ಮಾನವನ್ನೇ ಪ್ರಶ್ನಿಸಬಹುದು. ಹಾಗಾಗಿ ಈ ಓದು ಮೊದಲ ತಿಂಗಳಿನಿಂದಲೇ ಕೆಲಸಕ್ಕೆ ಬರುತ್ತದೆ.

ಅದು ಹೇಳಿಕೊಡದ ವಿಷಯವೂ ಇದೆ. ರಿಸರ್ವ್ ಎಷ್ಟು ಇರಬೇಕು ಅನ್ನುವುದಕ್ಕೆ ಕಾನೂನು ಏನು ಹೇಳುತ್ತದೆ ಅಂತ ಗೊತ್ತಾಗುತ್ತದೆ. ಇಷ್ಟು ಕಡಿಮೆ ಇದೆ, ಇದು ಅಪಾಯ ಅಂತ ಬೋರ್ಡ್‌ಗೆ ಹೇಗೆ ಮನವರಿಕೆ ಮಾಡಬೇಕು ಅನ್ನುವುದು ಗೊತ್ತಾಗುವುದಿಲ್ಲ. 2021ರ ಜೂನ್ 24ರಂದು ಸರ್ಫ್‌ಸೈಡ್‌ನ ಚಾಂಪ್ಲೇನ್ ಟವರ್ಸ್ ಸೌತ್ ಕುಸಿದು 98 ಜನ ಸತ್ತರು. ದುರಸ್ತಿಯ ದೊಡ್ಡ ಖರ್ಚಿನ ಬಗ್ಗೆ ಆ ಕಟ್ಟಡದವರು ವರ್ಷಗಟ್ಟಲೆ ಜಗ್ಗಾಡಿದ್ದರು. ಆಮೇಲೆ ಕಾನೂನು ಬಿಗಿಯಾಯಿತು. ಮೂರು ಮಹಡಿ ಮತ್ತು ಅದಕ್ಕಿಂತ ಎತ್ತರದ ಕಾಂಡೊಗಳಿಗೆ ಇಂತಿಷ್ಟು ವರ್ಷ ಹಳೆಯದಾದ ಮೇಲೆ ಕಡ್ಡಾಯವಾಗಿ ಮಾಡಿಸಬೇಕಾದ ತಪಾಸಣೆ ಬಂತು, ಕಟ್ಟಡದ ಭದ್ರತೆಗೆ ಸಂಬಂಧಿಸಿದ ರಿಸರ್ವ್ ಸ್ಟಡಿ ಬಂತು. 2024ರ ಕೊನೆಯ ನಂತರ ಮಾಡುವ ಬಜೆಟ್‌ಗಳಲ್ಲಿ ಆ ಬಾಬ್ತಿನ ರಿಸರ್ವ್ ಬೇಡ ಅಂತ ಮಾಲೀಕರು ಓಟು ಹಾಕುವ ದಾರಿಯೂ ಮುಚ್ಚಿತು. ಈ ಕಾನೂನನ್ನು ಲೈಸೆನ್ಸ್ ಇರುವ ಪ್ರತಿ ಮ್ಯಾನೇಜರ್ ಓದಿರುತ್ತಾರೆ. ಕೋಪದಲ್ಲಿರುವ ಮಾಲೀಕರ ಮುಂದೆ ನಿಂತು ಅದನ್ನು ಬಿಡಿಸಿ ಹೇಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅದು ಬೇರೆ ಕಡೆಯಿಂದ ಬರಬೇಕು.

ಇನ್ನು ಸಿಎಂಸಿಎ. ಇದನ್ನು ಕೊಡುವುದು ಸರ್ಕಾರ ಅಲ್ಲ, ಸಿಎಎಂಐಸಿಬಿ ಎನ್ನುವ ಮಂಡಳಿ. ಪರೀಕ್ಷೆಗೆ ಕೂರಲು ಸಾಮಾನ್ಯ ದಾರಿ ಎಂ-100 ಎನ್ನುವ ಕೋರ್ಸ್. ಐದು ವರ್ಷದ ಅನುಭವ ಇದ್ದರೆ ಅದರ ಮೂಲಕವೂ ಬರಬಹುದು. 120 ಪ್ರಶ್ನೆ, ಎರಡೂವರೆ ಗಂಟೆ. ನಾನು ಎಂ-100 ಮಾಡಿಯೇ ಕೂತೆ. ಅದು ಒಳ್ಳೆಯ ತೀರ್ಮಾನ ಅಂತ ಈಗಲೂ ಅನ್ನಿಸುತ್ತದೆ. ಲೈಸೆನ್ಸ್‌ನ ಕೋರ್ಸ್ ಏನು ಮಾಡಬೇಕು, ಏನು ಮಾಡಬಾರದು ಅಂತ ಹೇಳಿತ್ತು. ಎಂ-100 ಯಾಕೆ ಅಂತ ಹೇಳಿತು. ಉದಾಹರಣೆಗೆ, ಚೆಕ್ ಬರೆಯುವವರೇ ಬ್ಯಾಂಕ್ ಲೆಕ್ಕವನ್ನೂ ತಾಳೆ ನೋಡಬಾರದು. ಇಬ್ಬರು ಬೇರೆ ಬೇರೆ ಇರಬೇಕು. ಕಾಂಟ್ರಾಕ್ಟರ್‌ನ ಇನ್ಶೂರೆನ್ಸ್ ಪತ್ರ ಕೈಗೆ ಬರುವ ಮೊದಲು ಕೆಲಸ ಶುರು ಮಾಡಿಸಬಾರದು. ಇವೆಲ್ಲ ಸಣ್ಣ ವಿಷಯ ಅಂತ ಕಾಣುತ್ತವೆ. ಆದರೆ ಅಸೋಸಿಯೇಷನ್‌ನ ದುಡ್ಡು ಸದ್ದಿಲ್ಲದೆ ಸೋರುವುದು ಇಂಥ ಜಾಗಗಳಲ್ಲೇ.

ಪರೀಕ್ಷೆಯ ಪ್ರಶ್ನೆಗಳೂ ಬೇರೆ ಥರ. ಇಲ್ಲಿ ದಿನಗಳ ಲೆಕ್ಕ ಕೇಳುವುದಿಲ್ಲ, ಯಾಕೆಂದರೆ ಅದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಒಂದು ಸನ್ನಿವೇಶ ಕೊಟ್ಟು ಮ್ಯಾನೇಜರ್ ಮೊದಲು ಏನು ಮಾಡಬೇಕು ಅಂತ ಕೇಳುತ್ತಾರೆ. ನಾಲ್ಕು ಉತ್ತರಗಳಲ್ಲಿ ಎರಡು ಸರಿ ಅನ್ನಿಸುತ್ತವೆ. ಬಾಯಿಪಾಠ ಮಾಡಿ ಬಂದವರಿಗೆ ಇಲ್ಲಿ ಕಷ್ಟ.

ಲೈಸೆನ್ಸ್‌ಗೂ ಇದಕ್ಕೂ ಇರುವ ನಿಜವಾದ ವ್ಯತ್ಯಾಸ ನನಗೆ ಗೊತ್ತಾಗಿದ್ದು ಫ್ಲೋರಿಡಾ ಬಿಟ್ಟು ಟೆಕ್ಸಸ್‌ಗೆ ಬಂದ ಮೇಲೆ. ಟೆಕ್ಸಸ್‌ನಲ್ಲಿ ಮ್ಯಾನೇಜರ್‌ಗೆ ರಾಜ್ಯದ ಲೈಸೆನ್ಸ್ ಬೇಕಿಲ್ಲ. ಹಾಗಾಗಿ ನನ್ನ ಫ್ಲೋರಿಡಾ ಲೈಸೆನ್ಸ್‌ಗೆ ಇಲ್ಲಿ ಕಾನೂನಿನ ಬೆಲೆ ಏನೂ ಇರಲಿಲ್ಲ. ಇಂಟರ್‌ವ್ಯೂ ಮಾಡಿದ ಕಂಪನಿಯವರು ಅದನ್ನು ನೋಡಿ ಪಕ್ಕಕ್ಕಿಟ್ಟು, ಸಿಎಂಸಿಎ ಇದೆಯಾ ಅಂತ ಕೇಳಿದರು. ಲೈಸೆನ್ಸ್ ಬೇಡದ ರಾಜ್ಯದಲ್ಲಿ ಯಾರು ಬೇಕಾದರೂ ನಾಳೆ ಬೆಳಿಗ್ಗೆ ಮ್ಯಾನೇಜರ್ ಅಂತ ಹೇಳಿಕೊಳ್ಳಬಹುದು, ಅಲ್ವಾ? ಅಲ್ಲಿ ಓದಿದವರನ್ನು ಗುರುತಿಸಲು ಇರುವ ಕನಿಷ್ಠ ಗುರುತು ಸಿಎಂಸಿಎ. ಹಾಗೆ ನೋಡಿದರೆ ಲೈಸೆನ್ಸ್ ಕಡ್ಡಾಯವಲ್ಲದ ಕಡೆಯೇ ಅದಕ್ಕೆ ಜಾಸ್ತಿ ಬೆಲೆ.

ಉಳಿಸಿಕೊಳ್ಳುವ ಶ್ರಮದ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. ಫ್ಲೋರಿಡಾದಲ್ಲಿ ಎರಡು ವರ್ಷಕ್ಕೆ 15 ಗಂಟೆಯ ಮುಂದುವರಿದ ಶಿಕ್ಷಣ, ಸಿಎಂಸಿಎಗೆ ಎರಡು ವರ್ಷಕ್ಕೆ 16 ಗಂಟೆ. ಸಿಎಂಸಿಎಗೆ ವರ್ಷ ವರ್ಷ ಶುಲ್ಕವೂ ಇದೆ. ಆ ಶುಲ್ಕವನ್ನು ಕಂಪನಿ ಕಟ್ಟುತ್ತದಾ ಅಂತ ಕೆಲಸಕ್ಕೆ ಸೇರುವಾಗಲೇ ಕೇಳಿ.

ಎಎಂಎಸ್ ಬಗ್ಗೆ ಹೇಳುವುದು ಕಡಿಮೆ. ಇದು ಸಿಎಐ, ಅಂದರೆ 1973ರಲ್ಲಿ ಶುರುವಾದ ಕಮ್ಯುನಿಟಿ ಅಸೋಸಿಯೇಷನ್ಸ್ ಇನ್‌ಸ್ಟಿಟ್ಯೂಟ್ ಕೊಡುವ ಬಿರುದು. ಸಿಎಂಸಿಎ ಇರಬೇಕು, ಎರಡು ವರ್ಷ ಅನುಭವ ಇರಬೇಕು, ಎಂ-200 ಸರಣಿಯ ಎರಡು ಕೋರ್ಸ್ ಮುಗಿಸಿರಬೇಕು. ಆ ಕೋರ್ಸ್‌ಗಳು ಚೆನ್ನಾಗಿವೆ. ಆದರೆ ಬಿರುದಿಗೆ ಅಂತ ಪ್ರತ್ಯೇಕ ದೊಡ್ಡ ಪರೀಕ್ಷೆ ಇಲ್ಲ. ಪಿಕ್ಯಾಮ್ ಕಡೆಗೆ ಹೋಗುವ ದಾರಿಯಲ್ಲಿ ಹೇಗೂ ಸಿಗುತ್ತದೆ, ತಗೊಳ್ಳಿ. ಅದೊಂದಕ್ಕೇ ಅಂತ ಹೊರಡುವುದು ನನ್ನ ಪ್ರಕಾರ ಬೇಡ. ನನ್ನ ಹೆಸರಿನ ಮುಂದೆ ಆ ಮೂರು ಅಕ್ಷರ ಸೇರಿದ ಮೇಲೆ ಬೋರ್ಡ್‌ನವರ ನಡವಳಿಕೆಯಲ್ಲಾಗಲಿ ನನ್ನ ಕೆಲಸದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ.

ಪಿಕ್ಯಾಮ್ ಕೂಡ ಸಿಎಐ ಕೊಡುವುದೇ, ಆದರೆ ಬೇರೆಯೇ ಮಟ್ಟ. ಐದು ವರ್ಷ ನೇರ ಅನುಭವ, ಸಿಎಂಸಿಎ, ಮತ್ತು ಎಂ-200 ಸರಣಿಯ ಆರೂ ಕೋರ್ಸ್‌ಗಳು. ಕಟ್ಟಡ ನಿರ್ವಹಣೆ, ಸಂವಹನ, ನಾಯಕತ್ವ, ಆಡಳಿತ, ಅಪಾಯ ನಿರ್ವಹಣೆ, ಹಣಕಾಸು. ಇವೆಲ್ಲ ಆದ ಮೇಲೆ ಕೇಸ್ ಸ್ಟಡಿ. ಈ ಕೇಸ್ ಸ್ಟಡಿಗೋಸ್ಕರವೇ ಪಿಕ್ಯಾಮ್ ಮಾಡಬೇಕು ಅಂತ ನಾನು ಹೇಳುತ್ತೇನೆ.

ನಿಜವಾಗಿ ಇರುವ ಒಂದು ಅಸೋಸಿಯೇಷನ್‌ಗೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿನ ಮ್ಯಾನೇಜರ್, ಬೋರ್ಡ್‌ನವರು ಬಂದು ಮಾತಾಡುತ್ತಾರೆ. ಜಾಗ ಸುತ್ತಿ ನೋಡುತ್ತೀರಿ. ಡಿಕ್ಲರೇಷನ್ (ಅಸೋಸಿಯೇಷನ್‌ನ ಮೂಲ ದಾಖಲೆ), ಬೈಲಾ, ಬಜೆಟ್, ರಿಸರ್ವ್ ಸ್ಟಡಿ, ಮೀಟಿಂಗ್ ನಡಾವಳಿ, ಇನ್ಶೂರೆನ್ಸ್ ಪಾಲಿಸಿ ಎಲ್ಲ ಕೈಗೆ ಬರುತ್ತವೆ. ಪ್ರಶ್ನೆಗಳನ್ನು ಕೊಡುತ್ತಾರೆ. ಮನೆಗೆ ಬಂದು ನಿಮ್ಮದೇ ಉತ್ತರ ಬರೆಯಬೇಕು. ಯಾವುದು ಸರಿಯಿಲ್ಲ, ಯಾಕೆ ಸರಿಯಿಲ್ಲ, ಬೋರ್ಡ್‌ಗೆ ಏನು ಶಿಫಾರಸು ಮಾಡುತ್ತೀರಿ, ಅದಕ್ಕೆ ಆಧಾರ ಏನು.

ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಸುಖ ಇಲ್ಲಿಲ್ಲ. ಬಜೆಟ್‌ನಲ್ಲಿ ರಿಪೇರಿ ಖರ್ಚು ವರ್ಷ ವರ್ಷ ಏರುತ್ತಿದೆ ಅಂತ ಮೊದಲು ಗಮನಿಸಬೇಕು. ಅದೇ ಬಾಬ್ತು ರಿಸರ್ವ್ ಸ್ಟಡಿಯಲ್ಲಿ ಇನ್ನೂ ಹಲವು ವರ್ಷ ಬಾಳುತ್ತದೆ ಅಂತ ಬರೆದಿರುವುದನ್ನು ಹುಡುಕಬೇಕು. ಎರಡೂ ಒಟ್ಟಿಗೆ ನಿಜ ಇರಲಾರದು ಅಂತ ಹೇಳಬೇಕು. ಆಮೇಲೆ ಆ ಮಾತನ್ನು ಬೋರ್ಡ್‌ನವರು ಸಿಟ್ಟಾಗದೆ ಒಪ್ಪುವ ಹಾಗೆ ಬರೆಯಬೇಕು. ದಿನನಿತ್ಯ ನನ್ನ ಅಸೋಸಿಯೇಷನ್‌ನಲ್ಲಿ ಫೋನ್, ದೂರು, ಪಾರ್ಕಿಂಗ್ ಜಗಳದ ಮಧ್ಯೆ ಹೀಗೆ ಕೂತು ಎಲ್ಲ ಕಾಗದ ಒಟ್ಟಿಗೆ ಓದುವ ಬಿಡುವು ಎಲ್ಲಿರುತ್ತದೆ? ಕೇಸ್ ಸ್ಟಡಿ ಅದನ್ನು ಮಾಡಿಸಿತು. ಈಗ ಹೊಸ ಅಸೋಸಿಯೇಷನ್ ವಹಿಸಿಕೊಂಡಾಗ ನಾನು ಮೊದಲು ಮಾಡುವ ಕೆಲಸವೇ ಅದು. ರಿಸರ್ವ್ ಸ್ಟಡಿ ಮತ್ತು ರಿಪೇರಿ ಬಿಲ್‌ಗಳನ್ನು ಪಕ್ಕಪಕ್ಕ ಇಟ್ಟು ಓದುತ್ತೇನೆ.

ಪಿಕ್ಯಾಮ್‌ನ ಕಷ್ಟ ಅಂದರೆ ಖರ್ಚು ಮತ್ತು ಸಮಯ. ಆರು ಕೋರ್ಸ್‌ನ ಫೀ, ಕೇಸ್ ಸ್ಟಡಿಯ ಫೀ, ಓಡಾಟ, ಹೋಟೆಲ್. ಕೈಯಿಂದ ಕಟ್ಟುವುದಾದರೆ ಭಾರ. ಆದರೆ ಒಂದು ವಿಷಯ ನೆನಪಿಡಿ. ಸಿಎಐ ಕಂಪನಿಗಳಿಗೆ ಎಎಎಂಸಿ ಎನ್ನುವ ಮಾನ್ಯತೆ ಕೊಡುತ್ತದೆ, ಅದಕ್ಕೆ ಕಂಪನಿಯಲ್ಲಿ ಪಿಕ್ಯಾಮ್ ಇರುವವರು ಬೇಕು. ಹಾಗಾಗಿ ಆ ಮಾನ್ಯತೆ ಬೇಕಾದ ಕಂಪನಿಗೆ ನಿಮ್ಮ ಓದಿಗೆ ದುಡ್ಡು ಹಾಕಲು ಕಾರಣ ಇದೆ. ಸಂಕೋಚ ಬಿಟ್ಟು ಕೇಳಿ.

ಇಷ್ಟಾದರೂ, ಮನೆ ಮಾಲೀಕರಿಗೆ ಈ ಅಕ್ಷರಗಳ ಅರ್ಥ ಗೊತ್ತಿಲ್ಲ. ನನ್ನ ಯಾವ ಸಭೆಯಲ್ಲೂ ಒಬ್ಬ ಮಾಲೀಕರೂ ಪಿಕ್ಯಾಮ್ ಅಂದರೇನು ಅಂತ ಕೇಳಿಲ್ಲ. ಅವರು ಕೇಳುವುದು ಬೇರೆ. ನೀವು ತಪ್ಪು ಮಾಡಿದರೆ ನಾವು ಯಾರ ಹತ್ತಿರ ಹೋಗಬೇಕು? ನನಗೆ ಇದು ತುಂಬಾ ನ್ಯಾಯವಾದ ಪ್ರಶ್ನೆ ಅನ್ನಿಸುತ್ತದೆ. ನಾಲ್ಕನ್ನೂ ನಾನು ಕೊನೆಗೆ ತೂಗುವುದು ಇದೇ ಪ್ರಶ್ನೆ ಇಟ್ಟುಕೊಂಡು. ಸರ್ಟಿಫಿಕೇಟ್ ಕೊಟ್ಟವರಿಗೆ ಅದನ್ನು ಕಿತ್ತುಕೊಳ್ಳುವ ಅಧಿಕಾರವೂ ಮನಸ್ಸೂ ಇರಬೇಕು. ಇಲ್ಲದಿದ್ದರೆ ಅದು ಓದಿದ್ದಕ್ಕೆ ರಸೀದಿ, ಅಷ್ಟೇ.

ಇಲ್ಲಿ ಫ್ಲೋರಿಡಾದ ಲೈಸೆನ್ಸ್ ಎಲ್ಲಕ್ಕಿಂತ ಗಟ್ಟಿ. ಮಾಲೀಕರು ಡಿಬಿಪಿಆರ್‌ಗೆ ದೂರು ಕೊಡಬಹುದು. ಇಲಾಖೆ ವಿಚಾರಣೆ ಮಾಡಿ ದಂಡ ಹಾಕಬಹುದು, ಲೈಸೆನ್ಸ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ರದ್ದಾದರೆ ಆ ರಾಜ್ಯದಲ್ಲಿ ಈ ಕೆಲಸವೇ ಇಲ್ಲ. ಸಿಎಂಸಿಎಗೂ ನಡತೆಯ ನಿಯಮಗಳಿವೆ, ದೂರು ಕೊಡುವ ದಾರಿ ಇದೆ. ಎಎಂಎಸ್ ಮತ್ತು ಪಿಕ್ಯಾಮ್‌ಗೆ ಸಿಎಐನ ನೀತಿ ಸಂಹಿತೆ ಇದೆ. ಆದರೆ ಬಿರುದು ಹೋದ ಮೇಲೂ ಲೈಸೆನ್ಸ್ ಬೇಡದ ರಾಜ್ಯದಲ್ಲಿ ಆ ಮನುಷ್ಯ ಕೆಲಸ ಮುಂದುವರಿಸಬಹುದು. ಕೊಲೊರಾಡೊದಲ್ಲಿ 2015ರಲ್ಲಿ ಲೈಸೆನ್ಸ್ ಕಡ್ಡಾಯ ಮಾಡಿ, ಕೆಲವೇ ವರ್ಷಗಳಲ್ಲಿ ಕೈಬಿಟ್ಟರು. ನನಗೆ ಅದು ಬೇಸರದ ಸುದ್ದಿ. ನನ್ನಂಥ ಮ್ಯಾನೇಜರ್‌ಗಳೇ ಲೈಸೆನ್ಸ್ ಬೇಕು ಅಂತ ಕೇಳಬೇಕು. ಕೆಟ್ಟವರು ಹೊರಹೋಗುವ ಬಾಗಿಲು ಇದ್ದರೆ ತಾನೆ ಒಳಗಿರುವವರ ಮಾತಿಗೆ ತೂಕ?

ಹಾಗಾದರೆ ಯಾವುದು ಮೊದಲು? ಫ್ಲೋರಿಡಾ, ನೆವಾಡಾದಂಥ ರಾಜ್ಯದಲ್ಲಿ ಇದ್ದರೆ ಲೈಸೆನ್ಸ್, ಅದರಲ್ಲಿ ಯೋಚಿಸುವುದೇನಿಲ್ಲ. ಆದರೆ ಅಲ್ಲಿಗೇ ನಿಲ್ಲಬೇಡಿ, ಒಂದು ವರ್ಷದ ಒಳಗೆ ಎಂ-100 ಮತ್ತು ಸಿಎಂಸಿಎ ಮಾಡಿ. ಲೈಸೆನ್ಸ್ ಬೇಡದ ರಾಜ್ಯದಲ್ಲಿ ಇದ್ದರೆ ಸಿಎಂಸಿಎಯಿಂದಲೇ ಶುರು ಮಾಡಿ, ಜೊತೆಗೆ ನಿಮ್ಮ ರಾಜ್ಯದ ಕಾನೂನನ್ನು ನೀವೇ ಕೂತು ಓದಿ, ಯಾಕೆಂದರೆ ಸಿಎಂಸಿಎ ಅದನ್ನು ಹೇಳಿಕೊಡುವುದಿಲ್ಲ. ಟೆಕ್ಸಸ್‌ನವರಾದರೆ ಎಚ್‌ಒಎಗೆ ಪ್ರಾಪರ್ಟಿ ಕೋಡ್‌ನ 209ನೇ ಅಧ್ಯಾಯ, ಕಾಂಡೊಗೆ 82ನೇದು. ಈ ಕೆಲಸದಲ್ಲೇ ಇರುತ್ತೇನೆ ಅಂತ ಗಟ್ಟಿಯಾದ ಮೇಲೆ ಪಿಕ್ಯಾಮ್. ಎರಡನೇ ವರ್ಷಕ್ಕೇ ಅದರ ಕನಸು ಬೇಡ. ಒಂದೆರಡು ಬಜೆಟ್, ಒಂದು ದೊಡ್ಡ ರಿಪೇರಿ, ಒಂದು ಗಲಾಟೆಯ ಚುನಾವಣೆ ನೋಡಿರದಿದ್ದರೆ ಕೇಸ್ ಸ್ಟಡಿಯಲ್ಲಿ ಬರೆಯಲು ಏನೂ ತೋಚುವುದಿಲ್ಲ.

ಇದನ್ನು ಓದುತ್ತಿರುವವರು ಬೋರ್ಡ್‌ನಲ್ಲಿದ್ದರೆ ಒಂದು ಮಾತು. ಮ್ಯಾನೇಜರ್‌ನ ಹೆಸರಿನ ಮುಂದೆ ಇರುವ ಅಕ್ಷರಗಳನ್ನು ಸುಮ್ನೆ ನಂಬಬೇಡಿ. ಡಿಬಿಪಿಆರ್‌ನ ವೆಬ್‌ಸೈಟ್‌ನಲ್ಲಿ ಹೆಸರು ಹಾಕಿದರೆ ಲೈಸೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಕಾಣುತ್ತದೆ. ಸಿಎಂಸಿಎ ಇರುವವರ ಪಟ್ಟಿಯನ್ನೂ ಹುಡುಕಬಹುದು. ಐದು ನಿಮಿಷದ ಕೆಲಸ. ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಮೊದಲೇ ಮಾಡಿ. ಮತ್ತೆ ಸಂದರ್ಶನದಲ್ಲಿ ನಿಮ್ಮ ರಿಸರ್ವ್ ಸ್ಟಡಿಯನ್ನು ಅವರ ಕೈಗೆ ಕೊಟ್ಟು, ಇದರಲ್ಲಿ ನಿಮಗೆ ಮೊದಲು ಕಾಣುವ ಚಿಂತೆ ಯಾವುದು ಅಂತ ಕೇಳಿ.