ಹುಬ್ಬಳ್ಳಿಯಿಂದ ದೂರದ ವಿಮಾನ ಹತ್ತುವವರಿಗೆ ರೆಸ್‌ಮೆಡ್ ಏರ್‌ಮಿನಿ: ತೂಕ ನೋಡಿ ಅಲ್ಲ, ಮಾಸ್ಕು ನೋಡಿ ಕೊಳ್ಳಿ

ಮುನ್ನೂರು ಗ್ರಾಂ. ಏರ್‌ಮಿನಿ ಮಾರುವವರ ಬಾಯಲ್ಲಿ ಮೊದಲು ಬರುವುದು ಇದೇ ಮಾತು, ಸುಳ್ಳೂ ಅಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಮಾಸ್ಕಿನ ಮೂಲಕ ಒತ್ತಡದ ಗಾಳಿ ಕೊಡುವ ಸಿಪ್ಯಾಪ್ ಮಷೀನಿನ ಪ್ರಯಾಣದ ರೂಪ ಇದು. ಉದ್ದ 13.6 ಸೆಂ.ಮೀ., ಅಗಲ 8.4, ಎತ್ತರ 5.2, ಅಂಗೈ ಮೇಲೆ ಕೂರುತ್ತದೆ. ಮನೆಯಲ್ಲಿ ಬಹಳ ಮಂದಿ ಇಟ್ಟುಕೊಂಡಿರುವ, ಅದೇ ಕಂಪನಿಯ ಏರ್‌ಸೆನ್ಸ್ 10, ಗಾಳಿಗೆ ತೇವ ಕೊಡುವ ನೀರಿನ ಡಬ್ಬಿ ಸಮೇತ ಸುಮಾರು 1.25 ಕಿಲೋ. ಅದಕ್ಕೆ ಅಡಾಪ್ಟರ್, ಟ್ಯೂಬು, ಮಾಸ್ಕು, ಚೀಲ ಕೂಡಿಸಿ. ಕೈಚೀಲಕ್ಕೆ 7 ಕಿಲೋ ಮಾತ್ರ ಬಿಡುವ ವಿಮಾನದಲ್ಲಿ ದೊಡ್ಡ ಪಾಲು ಮಷೀನಿಗೇ ಹೋಗುತ್ತದೆ. ಹಾಗಿದ್ದರೂ ತೂಕ ನೋಡಿ ಏರ್‌ಮಿನಿ ಕೊಂಡವರಲ್ಲಿ ಕೆಲವರು ಅದನ್ನು ಬೀರುವಿನಲ್ಲಿ ಇಟ್ಟಿರುತ್ತಾರೆ. ಕಾರಣ ಮಷೀನಲ್ಲ, ಮಾಸ್ಕು.

ಮೊದಲು, ಯಾರಿಗೆ ಬೇಕಿಲ್ಲ ಎಂಬುದು. ಗೋಕುಲ ರಸ್ತೆಯ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ಹೋಗಿ ಎರಡು ದಿನಕ್ಕೆ ವಾಪಸ್ ಬರುವವರಿಗೆ ಬೇಕಿಲ್ಲ. ಒಂದು ತಾಸಿನ ಹಾರಾಟದಲ್ಲಿ ಯಾರೂ ಮಾಸ್ಕು ಹಾಕಿ ಮಲಗುವುದಿಲ್ಲ. ಮನೆಯ ಮಷೀನನ್ನೇ ಒಯ್ದರಾಯಿತು. ಆದರೆ ಒಂದು ಎಚ್ಚರ. ಎಟಿಆರ್ ಎಂಬ ಸಣ್ಣ ಪ್ರೊಪೆಲ್ಲರ್ ವಿಮಾನದಲ್ಲಿ ತಲೆಮೇಲಿನ ಖಾನೆ ಚಿಕ್ಕದು. ಗಾಲಿ ಚೀಲ ಹಿಡಿಸದಿದ್ದರೆ ಮೆಟ್ಟಿಲ ಬುಡದಲ್ಲೇ ಇಸಿದುಕೊಂಡು ಕೆಳಗೆ ಹಾಕುತ್ತಾರೆ. ಮಷೀನು ಆ ಚೀಲದೊಳಗೆ ಇರಬಾರದು. ಸೀಟಿನ ಕೆಳಗೆ ಹೋಗುವಂಥ ಬೇರೆ ಸಣ್ಣ ಚೀಲದಲ್ಲಿರಲಿ, ಮೇಲೆ ಡಾಕ್ಟರರ ಚೀಟಿ ಇರಲಿ. ವೈದ್ಯಕೀಯ ಸಾಧನವನ್ನು ಕೈಚೀಲದ ಲೆಕ್ಕಕ್ಕೆ ಹಿಡಿಯುತ್ತಾರೋ ಇಲ್ಲವೋ ಎಂದು ಏರ್‌ಲೈನಿಗೆ ಮೇಲ್ ಹಾಕಿ, ಬಂದ ಉತ್ತರದ ಪ್ರತಿ ಇಟ್ಟುಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತು ನಡೆಯುವುದಿಲ್ಲ. ಅಮೆರಿಕಕ್ಕೆ ಹೋಗಿಬರುವ ವಿಮಾನಗಳಲ್ಲಿ ಮಾತ್ರ ಈ ತಕರಾರಿಲ್ಲ. ಅಲ್ಲಿನ ಸಾರಿಗೆ ಇಲಾಖೆಯ ನಿಯಮದಂತೆ ಸಿಪ್ಯಾಪ್ ಕೈಚೀಲದ ಲೆಕ್ಕಕ್ಕೆ ಬರುವುದಿಲ್ಲ.

ಏರ್‌ಮಿನಿ ನಿಜವಾಗಿ ಉಪಯೋಗಕ್ಕೆ ಬರುವುದು ಬೆಂಗಳೂರು ದಾಟಿದ ಮೇಲೆ. ಮಕ್ಕಳ ಮನೆಗೆಂದು ಲಂಡನ್, ಫ್ರಾಂಕ್‌ಫರ್ಟ್ ಹಾದು ಹೋಗುವವರಿಗೆ, ಒಂಬತ್ತು ಹತ್ತು ತಾಸು ಕೂತಲ್ಲೇ ನಿದ್ದೆ ಮಾಡಬೇಕಾದವರಿಗೆ.

ಈಗ ಮಾಸ್ಕಿನ ವಿಷಯ. ಮಾಮೂಲಿ ಸಿಪ್ಯಾಪ್ ಟ್ಯೂಬಿನ ಬಾಯಿ 22 ಮಿ.ಮೀ.; ಯಾವ ಕಂಪನಿಯ ಮಾಸ್ಕಾದರೂ ಕೂರುತ್ತದೆ. ಏರ್‌ಮಿನಿಯ ಟ್ಯೂಬು ಹಾಗಲ್ಲ, ಅದರ ತುದಿ ಅದಕ್ಕೇ ಮೀಸಲು. ರೆಸ್‌ಮೆಡ್‌ನದೇ ಕೆಲವು ಮಾಸ್ಕುಗಳು ಮಾತ್ರ, ಅದೂ ಏರ್‌ಮಿನಿಯ ಕನೆಕ್ಟರ್ ಹಾಕಿದರೆ, ಸೇರುತ್ತವೆ. ಮೂಗು ಮುಚ್ಚುವ ಎನ್20, ಮೂಗು ಬಾಯಿ ಎರಡನ್ನೂ ಮುಚ್ಚುವ ಎಫ್20 ಇದ್ದವರು ಕನೆಕ್ಟರ್ ಇರುವ ಸೆಟಪ್ ಪ್ಯಾಕ್ ಕೊಂಡರೆ ಸಾಕು. ಮೂಗಿನ ಹೊಳ್ಳೆಗೆ ಇಡುವ ಪಿ10 ಇದ್ದವರಿಗೆ ಆ ಸೌಲಭ್ಯ ಇಲ್ಲ; ಏರ್‌ಮಿನಿಗೆಂದೇ ಮಾಡಿದ ಪಿ10 ಬೇರೆ ಇದೆ, ಅದನ್ನೇ ಕೊಳ್ಳಬೇಕು. ಬೇರೆ ಕಂಪನಿಯ ಮಾಸ್ಕು ಒಗ್ಗಿದವರಿಗೆ, ಕಟ್ಟುನಿಟ್ಟಾಗಿ ಹೇಳುವುದಾದರೆ, ಈ ಮಷೀನು ಅಲ್ಲ.

ಆನ್‌ಲೈನಿನಲ್ಲಿ ಮೂರನೆಯವರು ಮಾಡಿದ ಅಡಾಪ್ಟರ್ ತುಂಡು ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ. ತೊಂದರೆ ಇರುವುದು ಗಾಳಿ ಹೊರಹೋಗುವ ತೂತುಗಳಲ್ಲಿ. ಬಿಟ್ಟ ಉಸಿರು ಮಾಸ್ಕಿನ ಬಳಿಯ ತೂತುಗಳಿಂದ ಹೊರಗೆ ಹೋಗಬೇಕು. ಮಾಮೂಲಿ ಮಾಸ್ಕಿನಲ್ಲಿ ತೂತು ಮಾಸ್ಕಿನಲ್ಲೇ ಇರುತ್ತದೆ, ಏರ್‌ಮಿನಿಯ ಜೋಡಣೆಯಲ್ಲಿ ಕನೆಕ್ಟರಿನಲ್ಲಿ ಇರುತ್ತದೆ. ಜೋಡಣೆ ತಪ್ಪಿದರೆ ಎರಡೂ ಕಡೆ ತೂತಾಗಿ ಒತ್ತಡ ಸೋರಬಹುದು, ಇಲ್ಲವೇ ಎಲ್ಲೂ ತೂತಿಲ್ಲದೆ ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುವಂತಾಗಬಹುದು. ಎರಡನೆಯದು ಅಪಾಯ. ನಾಲ್ಕು ಕಾಸು ಉಳಿಸಲು ಈ ಪ್ರಯೋಗ ಬೇಡ.

ಏರ್‌ಮಿನಿಗೆ ನೀರಿನ ಡಬ್ಬಿಯೇ ಇಲ್ಲ. ಅದರ ಬದಲು ಹ್ಯೂಮಿಡ್‌ಎಕ್ಸ್ ಎಂಬ ಬೆರಳ ತುದಿಯಷ್ಟು ಬಿಲ್ಲೆ. ನೀವು ಬಿಡುವ ಉಸಿರಿನ ತೇವವನ್ನು ಹಿಡಿದಿಟ್ಟು, ಎಳೆದುಕೊಳ್ಳುವ ಗಾಳಿಗೆ ವಾಪಸ್ ಕೊಡುತ್ತದೆ. ವಿಮಾನದೊಳಗಿನ ಗಾಳಿ ಬಹಳ ಒಣ, ಅದಕ್ಕೆಂದೇ ಹ್ಯೂಮಿಡ್‌ಎಕ್ಸ್ ಪ್ಲಸ್ ಇದೆ. ಪ್ರಯಾಣಕ್ಕೆ ಪ್ಲಸ್ ಒಯ್ಯಿರಿ. ಎಫ್20 ಮಾಸ್ಕಿಗೆ ಎಫ್20 ಎಂದೇ ಹೆಸರಿರುವ ಬಿಲ್ಲೆ, ಅದಲುಬದಲು ಆಗದು. ಇದರ ಗುಟ್ಟು ಇಷ್ಟೇ: ಬಿಟ್ಟ ಉಸಿರು ಬಿಲ್ಲೆಯ ಮೂಲಕವೇ ಹೋಗಬೇಕು. ಮೂಗಿನ ಮಾಸ್ಕು ಹಾಕಿ ಬಾಯಿ ತೆರೆದು ಮಲಗುವವರ ಉಸಿರು ಬಾಯಿಂದ ಹೋಗಿಬಿಡುತ್ತದೆ, ಬಿಲ್ಲೆಗೆ ತೇವ ಸಿಗುವುದಿಲ್ಲ, ಬೆಳಗ್ಗೆ ಗಂಟಲು ಒಣಗಿ ಹಪ್ಪಳ. ಅಂಥವರು ಬಿಲ್ಲೆಯನ್ನು ಬೈಯುತ್ತಾರೆ. ಬೈಯಬೇಕಾದ್ದು ಸೋರಿಕೆಯನ್ನು.

ಮತ್ತೊಂದು ತಪ್ಪು, ಬಿಲ್ಲೆಯನ್ನು ತೊಳೆಯುವುದು. ಮಾಸ್ಕಿನ ಜೊತೆ ಸಾಬೂನು ನೀರಿಗೆ ಹಾಕಿದರೆ ಅದು ಹಾಳು. ತೊಳೆಯುವ ಮುನ್ನ ಕನೆಕ್ಟರಿನಿಂದ ತೆಗೆದಿಡಿ.

ಮನೆಯ ಮಷೀನನ್ನೇ ಒಯ್ಯುವವರಿಗೆ ನೀರಿನ ಕೆಲಸ ಜಾಸ್ತಿ. ಹೊರಡುವ ದಿನ ಬೆಳಗ್ಗೆ ಡಬ್ಬಿ ಖಾಲಿ ಮಾಡಿ, ಒರೆಸಿ, ಒಣಗಿಸಿ. ಸೆಕ್ಯುರಿಟಿಯಲ್ಲಿ ನೀರಿನ ತಕರಾರು ಒಂದು ಕಡೆಗಿರಲಿ. ಎಕ್ಸ್‌ರೇ ಟ್ರೇಯಲ್ಲಿ ಮಷೀನು ಓರೆಯಾದರೆ ಉಳಿದ ನೀರು ಹಿಂದಕ್ಕೆ ಹರಿದು ಮೋಟಾರಿಗೆ ಸೇರುತ್ತದೆ. ಇಳಿದ ಊರಿನಲ್ಲಿ ಡಿಸ್ಟಿಲ್ಡ್ ವಾಟರ್ ಕೊಳ್ಳಿ. ಗದಗ ಕಡೆಯ ಬೋರ್‌ವೆಲ್ ನೀರು ಹಾಕಿ ಡಬ್ಬಿಯ ತಳಕ್ಕೆ ಬಿಳಿ ಪೊರೆ ಕಟ್ಟಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕರೆಂಟು. ಎರಡೂ ಮಷೀನಿನ ಅಡಾಪ್ಟರ್ 100ರಿಂದ 240 ವೋಲ್ಟ್ ತೆಗೆದುಕೊಳ್ಳುತ್ತದೆ. ಅಮೆರಿಕದ 120 ವೋಲ್ಟಿಗೆ ಭಾರವಾದ ಕನ್ವರ್ಟರ್ ಒಯ್ಯುವುದು ದಂಡ. ಪಿನ್ನು ಬದಲಿಸುವ ಸಣ್ಣ ಪ್ಲಗ್ ಸಾಕು, ಹುಬ್ಬಳ್ಳಿಯ ಎಲೆಕ್ಟ್ರಿಕ್ ಅಂಗಡಿಯಲ್ಲೇ ಸಿಗುತ್ತದೆ. ಇಂಗ್ಲೆಂಡಿಗೆ, ದುಬೈಗೆ ಮೂರು ಚಪ್ಪಟೆ ಪಿನ್ನಿನದು, ಅಮೆರಿಕಕ್ಕೆ ಎರಡು ಚಪ್ಪಟೆ ಪಿನ್ನಿನದು. ಸೀಟಿನ ಯುಎಸ್‌ಬಿ ತೂತಿಗೆ ಯಾವ ಸಿಪ್ಯಾಪೂ ನಡೆಯುವುದಿಲ್ಲ. ಸೀಟಿನ ಎಸಿ ಸಾಕೆಟ್ ಎಷ್ಟೋ ವಿಮಾನಗಳಲ್ಲಿ 75 ವಾಟ್ ಸುಮಾರಿಗೆ ಕೈ ಎತ್ತುತ್ತದೆ. ಏರ್‌ಸೆನ್ಸ್ 10ರ ಅಡಾಪ್ಟರ್ 90 ವಾಟ್‌ನದು. ನೀರು ಕಾಯಿಸುವುದು, ಟ್ಯೂಬು ಕಾಯಿಸುವುದು ಚಾಲೂ ಇದ್ದರೆ ಸಾಕೆಟ್ ಟ್ರಿಪ್ ಆಗಬಹುದು. ಎರಡನ್ನೂ ಬಂದ್ ಮಾಡಿ ಓಡಿಸಿ. ಏರ್‌ಮಿನಿಯ ಅಡಾಪ್ಟರ್ 20 ವಾಟ್‌ನದು, ಈ ರಗಳೆ ಇಲ್ಲ. ವಿಮಾನದ ಆಸನದಲ್ಲಿ ಅದು ಗೆಲ್ಲುವುದು ಇಲ್ಲೇ, ತೂಕದಲ್ಲಲ್ಲ.

ಆದರೂ ಸಾಕೆಟ್ ನಂಬಿ ಹೊರಡಬೇಡಿ. ಕೆಲಸ ಮಾಡದ ಸಾಕೆಟ್ ಯಾವ ಸೀಟಿನಲ್ಲೂ ಇರಬಹುದು. ಏರ್‌ಮಿನಿಯೊಳಗೆ ಬ್ಯಾಟರಿ ಇಲ್ಲ, ಬೇರೆ ಕೊಳ್ಳಬೇಕು. 24 ವೋಲ್ಟಿನದೇ ಆಗಬೇಕು. ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಚೀಲಕ್ಕೆ ಹಾಕುವಂತಿಲ್ಲ. 100 ವಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಂಟೆಯಿಲ್ಲ. 100ರಿಂದ 160ರವರೆಗೆ ಏರ್‌ಲೈನಿನ ಒಪ್ಪಿಗೆ ಬೇಕು, ಎರಡಕ್ಕಿಂತ ಹೆಚ್ಚು ಬಿಡುವುದಿಲ್ಲ. ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 24 ವೋಲ್ಟ್, 4 ಆಂಪಿಯರ್ ಅವರ್ ಅಂದರೆ 96. ಈ ಅಂಕಿ ಬ್ಯಾಟರಿಯ ಮೈಮೇಲೆ ಅಚ್ಚಾಗಿರಬೇಕು. ಅಕ್ಷರ ಅಳಿಸಿದ ಬ್ಯಾಟರಿಯನ್ನು ಸೆಕ್ಯುರಿಟಿಯಲ್ಲಿ ತೆಗೆಸಿದರೆ ವಾದಕ್ಕೆ ಜಾಗವಿಲ್ಲ.

ಏರ್‌ಲೈನಿಗೆ ಕೇಳುವ ಮೊದಲೇ ಬ್ಯಾಟರಿ ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ. ಅಮೆರಿಕದ ನಿಯಮದಲ್ಲಿ ಏರ್‌ಲೈನು 48 ತಾಸು ಮುಂಚೆ ತಿಳಿಸಿ ಎನ್ನಬಹುದು; ಹಾರಾಟದ ಗರಿಷ್ಠ ಅವಧಿಯ ಒಂದೂವರೆ ಪಟ್ಟು ನಡೆಯುವಷ್ಟು ಬ್ಯಾಟರಿ ತನ್ನಿ ಎಂದೂ ಕೇಳಬಹುದು. ಹತ್ತು ತಾಸಿಗೆ ಹದಿನೈದು. ಅಷ್ಟಕ್ಕೆ ನಿಮ್ಮ ಒತ್ತಡದಲ್ಲಿ ಎಷ್ಟು ಬ್ಯಾಟರಿ ಬೇಕು ಎಂದು ಮಾರುವವರಿಂದ ಬರೆಸಿಕೊಳ್ಳಿ. ಊರಿಗೆ ಬಂದ ಮೇಲೂ ಅದು ಸುಮ್ಮನೆ ಕೂರುವುದಿಲ್ಲ, ಹೆಸ್ಕಾಂ ಕರೆಂಟು ತೆಗೆದ ರಾತ್ರಿಗೆ ಆಗುತ್ತದೆ.

ಏರ್‌ಮಿನಿ ವಿಮಾನದಲ್ಲಿ ಬಳಸಲು ಅಮೆರಿಕದ ವಿಮಾನಯಾನ ಇಲಾಖೆ ಎಫ್‌ಎಎ ಮಾನದಂಡಕ್ಕೆ ಒಪ್ಪುತ್ತದೆ ಎಂಬ ಮಾತು ಕಂಪನಿಯ ಕೈಪಿಡಿಯಲ್ಲೇ ಇದೆ. ಆ ಪುಟದ ಪ್ರಿಂಟು ತೆಗೆದು ಡಾಕ್ಟರರ ಚೀಟಿಗೆ ಪಿನ್ ಮಾಡಿ. ಗಗನಸಖಿ ಕೇಳಿದಾಗ ತೋರಿಸಲು ಅದೇ ಸಾಕು. ಎತ್ತರದ ಚಿಂತೆ ಬೇಡ. ಕ್ಯಾಬಿನ್ನಿನ ಒತ್ತಡ ಹೆಚ್ಚೆಂದರೆ 8,000 ಅಡಿ ಎತ್ತರದ ಊರಿನಷ್ಟಿರುತ್ತದೆ, ಮಷೀನು 8,500 ಅಡಿವರೆಗೆ ತಾನೇ ಸರಿದೂಗಿಸಿಕೊಳ್ಳುತ್ತದೆ.

ಇದಕ್ಕೆ ಪರದೆ ಇಲ್ಲ, ಎಲ್ಲ ಫೋನಿನ ಆ್ಯಪ್‌ನಲ್ಲಿ. ಫೋನು ಸತ್ತರೂ ಮೈಮೇಲಿನ ಗುಂಡಿ ಒತ್ತಿದರೆ ಗಾಳಿ ಬರುತ್ತದೆ, ಹೆದರಬೇಡಿ. ಆದರೆ ಫೋನು ಜೋಡಿಸುವ ಕೆಲಸ ಮನೆಯಲ್ಲೇ ಮುಗಿಸಿ. ಒತ್ತಡದ ಅಂಕಿಯನ್ನು ಡಾಕ್ಟರರು ಬರೆದುಕೊಟ್ಟಂತೆ ಮಾರಿದವರೇ ಕೂಡಿಸಿಕೊಡಬೇಕು. ಮನೆಯ ಮಷೀನಿನ ಅಂಕಿಯ ಜೊತೆ ತಾಳೆ ನೋಡದೆ ಪೆಟ್ಟಿಗೆ ತರಬೇಡಿ. ಉಸಿರು ಎಳೆಯುವಾಗ ಒಂದು, ಬಿಡುವಾಗ ಇನ್ನೊಂದು ಒತ್ತಡ ಕೊಡುವ ಬೈಪ್ಯಾಪ್ ಬಳಸುವವರಿಗೆ ಏರ್‌ಮಿನಿ ಬರುವುದೇ ಇಲ್ಲ. ಆಮೇಲೆ ನಾಲ್ಕಾರು ರಾತ್ರಿ ಹಾಸಿಗೆಯಲ್ಲಲ್ಲ, ಆರಾಮ ಕುರ್ಚಿಯಲ್ಲಿ ಮಲಗಿ ನೋಡಿ. ಕೂತು ಮಲಗಿದಾಗ ಗದ್ದ ಎದೆಗೆ ಬೀಳುತ್ತದೆ, ಕತ್ತಿನ ದಿಂಬು ಮಾಸ್ಕಿನ ಅಂಚನ್ನು ಎತ್ತುತ್ತದೆ, ಅಲ್ಲೇ ಸೋರಿಕೆ. ದಿಂಬನ್ನು ಗದ್ದದ ಕೆಳಕ್ಕೆ ತಿರುಗಿಸಿ ಹಾಕಿದರೆ ಎಷ್ಟೋ ವಾಸಿ.

ಸದ್ದಿನ ಬಗ್ಗೆ ದೂರುವವರದ್ದು ನಿಜ. ಏರ್‌ಸೆನ್ಸ್ 10 ಸುಮಾರು 27 ಡೆಸಿಬಲ್, ಇದು 30. ವಿಮಾನದಲ್ಲಿ ಎಂಜಿನ್ನಿನ ಮೊರೆತದ ನಡುವೆ ಕೇಳಿಸುವುದೇ ಇಲ್ಲ. ಮಗನ ಮನೆಯ ನಿಶ್ಶಬ್ದ ಕೋಣೆಯಲ್ಲಿ ಕೇಳಿಸುತ್ತದೆ. ಅಲ್ಲಿ ಮಷೀನನ್ನು ತಲೆದಿಂಬಿನ ಪಕ್ಕ ಇಡದೆ ಟ್ಯೂಬು ಹೋಗುವಷ್ಟು ದೂರ, ಕೆಳಗಿಡಿ. ವಿಮಾನದಲ್ಲಿ ಸೀಟಿನ ಜೇಬಿಗೆ ಹಾಕುವಾಗ ಗಾಳಿ ಎಳೆಯುವ ಬದಿ ಹೊರಗಿರಲಿ, ಕಂಬಳಿ ಮುಚ್ಚದಿರಲಿ.

ಸೆಕೆಂಡ್ ಹ್ಯಾಂಡ್ ಸಿಗುತ್ತದೆ ಎಂದು ಬೇರೆ ಕಂಪನಿಯ ಹಳೆಯ ಮಷೀನಿಗೆ ಕೈ ಹಾಕುವವರು ಒಂದು ನೆನಪಿಡಿ: ಫಿಲಿಪ್ಸ್ ತನ್ನ ಮೊದಲ ಪೀಳಿಗೆಯ ಡ್ರೀಮ್‌ಸ್ಟೇಷನ್ ಮಷೀನುಗಳನ್ನು ಒಳಗಿನ ಫೋಮು ಪುಡಿಯಾಗುವ ಕಾರಣಕ್ಕೆ 2021ರ ಜೂನ್‌ನಲ್ಲಿ ವಾಪಸ್ ಕರೆದಿದೆ. ಸೀರಿಯಲ್ ನಂಬರು ನೋಡದೆ ಮುಂಗಡ ಕೊಡಬೇಡಿ.

ಮೂರು ತಿಂಗಳ ವಾಸಕ್ಕೆ ಹೋಗುವವರು ಎಷ್ಟು ಬಿಲ್ಲೆ ಒಯ್ಯಬೇಕು ಎಂಬುದು ಎಲ್ಲರ ಪ್ರಶ್ನೆ. ಪೊಟ್ಟಣ ಒಡೆದ 30 ದಿನಕ್ಕೆ ಒಂದು ಬಿಲ್ಲೆಯ ಆಯುಷ್ಯ ಮುಗಿಯಿತು, ಬಳಸಿದರೂ ಬಿಟ್ಟರೂ. ಮೂರು ಬೇಕು, ಒಂದು ಹೆಚ್ಚಿಗೆ. ಜೊತೆಗೆ ಎರಡು ಏರ್ ಫಿಲ್ಟರ್. ಆರು ತಿಂಗಳಿಗೊಂದು ಎಂದು ಕಂಪನಿ ಹೇಳಿದರೂ ನಮ್ಮ ಹುಬ್ಬಳ್ಳಿ ಧೂಳಿಗೆ ಎರಡು ತಿಂಗಳಲ್ಲೇ ಬೂದಿ ಬಣ್ಣಕ್ಕೆ ತಿರುಗುತ್ತದೆ. ಒಡೆದ ತಾರೀಕನ್ನು ಪೊಟ್ಟಣದ ಮೇಲೆ ಪೆನ್ನಿನಿಂದ ಬರೆದು, ಖಾಲಿ ಪೊಟ್ಟಣವನ್ನು ಮಷೀನಿನ ಚೀಲದಲ್ಲೇ ಇಟ್ಟುಕೊಳ್ಳಿ.