ರನ್-ಫ್ಲಾಟ್ ತೆಗೆಸಿ ಸಾಮಾನ್ಯ ಟೈರ್ ಹಾಕಿಸಿದ ಮೇಲಿನ ಒಂದು ವರ್ಷ

ನನ್ನ ಕಾರಿನ ನಾಲ್ಕೂ ರನ್-ಫ್ಲಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡಬಲ್ಲ) ಟೈರ್‌ಗಳನ್ನು ತೆಗೆಸಿ ಅದೇ ಅಳತೆಯ ಸಾಮಾನ್ಯ ಟ್ಯೂಬ್‌ಲೆಸ್ ಟೈರ್‌ಗಳನ್ನು ಹಾಕಿಸಿ ಒಂದು ವರ್ಷವಾಯಿತು. ಈ ಅವಧಿಯಲ್ಲಿ ಕಾರು ಸುಮಾರು 14,000 ಕಿಲೋಮೀಟರ್ ಓಡಿದೆ. ಹೊಸ ಟೈರ್ ಹಾಕಿಸಿದ ಮೊದಲ ವಾರದಲ್ಲಿ ಯಾವ ಕಾರಾದರೂ ಹಿತವಾಗಿಯೇ ಓಡುತ್ತದೆಂಬುದು ನನ್ನ ಅನುಭವವಾದ್ದರಿಂದ, ಮಳೆಗಾಲ, ಬೇಸಿಗೆ, ತುಂಬಿದ ಕಾರಿನ ದೂರ ಪ್ರಯಾಣ ಮತ್ತು ಒಂದು ಪಂಕ್ಚರ್ ಇವೆಲ್ಲವನ್ನೂ ನೋಡಿದ ಮೇಲೆಯೇ ಬರೆಯೋಣವೆಂದು ಕಾದಿದ್ದೆ.

ಸಾಮಾನ್ಯ ಟೈರಿನಲ್ಲಿ ಕಾರಿನ ಭಾರವನ್ನು ಹೊರುವುದು ಒಳಗಿನ ಗಾಳಿ. ರಬ್ಬರು ಮತ್ತು ಅದರೊಳಗಿನ ನೂಲುಪದರಗಳ ಮುಖ್ಯ ಕೆಲಸ ಆ ಗಾಳಿಯನ್ನು ಹಿಡಿದಿಡುವುದು. ರನ್-ಫ್ಲಾಟ್ ಟೈರಿನ ಪಕ್ಕದ ಗೋಡೆಗಳಲ್ಲಿ ದಪ್ಪನೆಯ ಗಡಸು ರಬ್ಬರನ್ನು ಕೂರಿಸಿರುವುದರಿಂದ, ಗಾಳಿ ಪೂರ್ತಿ ಹೋದರೂ ಗೋಡೆಗಳೇ ಭಾರವನ್ನು ಹೊತ್ತು ನಿಲ್ಲುತ್ತವೆ. ಗಂಟೆಗೆ 80 ಕಿಲೋಮೀಟರ್ ಮೀರದ ವೇಗದಲ್ಲಿ ಸುಮಾರು 80 ಕಿಲೋಮೀಟರ್ ದೂರ ಹೋಗಬಹುದು ಎಂಬುದು ತಯಾರಕರು ಸಾಮಾನ್ಯವಾಗಿ ಕೊಡುವ ಭರವಸೆ. ಈ ಭರವಸೆಯನ್ನು ನಂಬಿಯೇ ಕಾರು ಕಂಪನಿಗಳು ಸ್ಟೆಪ್ನಿಯನ್ನು ಕೈಬಿಟ್ಟವು. ಡಿಕ್ಕಿಯಲ್ಲಿ ಜಾಗ ಉಳಿಯಿತು, ತೂಕವೂ ಇಳಿಯಿತು. ಟೈರಿನ ಮೇಲಿನ ಗುರುತು ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ: ಬ್ರಿಜ್‌ಸ್ಟೋನ್ ಆರ್‌ಎಫ್‌ಟಿ ಎನ್ನುತ್ತದೆ, ಮಿಶೆಲಿನ್ ಝಡ್‌ಪಿ ಎನ್ನುತ್ತದೆ, ಕಾಂಟಿನೆಂಟಲ್ ಎಸ್‌ಎಸ್‌ಆರ್ ಎನ್ನುತ್ತದೆ. ತಮ್ಮ ಕಾರಿನಲ್ಲಿರುವುದು ಯಾವುದೆಂದು ತಿಳಿಯದವರು ಟೈರಿನ ಗೋಡೆಯ ಮೇಲೆ ಈ ಅಕ್ಷರಗಳನ್ನು ಹುಡುಕಬಹುದು.

ಪಂಕ್ಚರ್ ಆದ ದಿನ ಉಪಕಾರ ಮಾಡುವ ಆ ಗಡಸು ಗೋಡೆ ಉಳಿದೆಲ್ಲ ದಿನ ತನ್ನ ಗಡಸುತನವನ್ನು ಕಾರಿನಲ್ಲಿ ಕುಳಿತವರ ಮೇಲೆ ತೋರಿಸುತ್ತದೆ. ನನ್ನ ಕಾರಿನ ಟೈರ್ 225/45 ಆರ್ 17 ಅಳತೆಯದು. ಅಂದರೆ ರಿಮ್ಮಿನಿಂದ ನೆಲದವರೆಗಿನ ರಬ್ಬರಿನ ಎತ್ತರ ಕೇವಲ 10 ಸೆಂಟಿಮೀಟರ್. ಅಷ್ಟು ಗಿಡ್ಡ ಗೋಡೆ ಬಾಗಲು ಒಪ್ಪದಿದ್ದರೆ ರಸ್ತೆಯ ಪ್ರತಿ ಜೋಡಣೆ, ಪ್ರತಿ ತೇಪೆ ನೇರವಾಗಿ ಸಸ್ಪೆನ್ಶನ್ನಿಗೆ, ಅಲ್ಲಿಂದ ಆಸನಕ್ಕೆ ತಲುಪುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ಅಮ್ಮನಿಗೆ ಎರಡು ಗಂಟೆಯ ಪ್ರಯಾಣದ ನಂತರ ಸೊಂಟ ಹಿಡಿದುಕೊಳ್ಳುತ್ತಿತ್ತು. ಅದು ವಯಸ್ಸಿನ ನೋವೆಂದೇ ನಾವೆಲ್ಲ ತಿಳಿದಿದ್ದೆವು. ಇನ್ನೊಮ್ಮೆ ಕತ್ತಲೆಯಲ್ಲಿ ಗುಂಡಿಗೆ ಬಿದ್ದಾಗ ಮುಂದಿನ ಎಡಗಡೆಯ ರಿಮ್ಮಿನ ಒಳಅಂಚು ಬಾಗಿ, ಟೈರಿನ ಗೋಡೆಯಲ್ಲಿ ಉಬ್ಬು ಎದ್ದಿತು. ಒಳಗಿನ ನೂಲು ಕಡಿದಿದೆ ಎಂಬುದರ ಸೂಚನೆಯೇ ಉಬ್ಬು. ಅಂಥ ಟೈರನ್ನು ಒಂದು ದಿನವೂ ಓಡಿಸಬಾರದು.

ನ್ಯಾಯವಾಗಿ ಇನ್ನೊಂದು ಘಟನೆಯನ್ನೂ ಹೇಳಬೇಕು. ಅದಕ್ಕೂ ಮುಂಚೆ, ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಹಿಂದಿನ ಟೈರಿನ ಗಾಳಿ ಸಂಪೂರ್ಣ ಹೋದಾಗ, ಡ್ಯಾಶ್‌ಬೋರ್ಡಿನ ಎಚ್ಚರಿಕೆಯ ದೀಪ ಬಿಟ್ಟರೆ ಬೇರೇನೂ ನಮಗೆ ತಿಳಿಯಲಿಲ್ಲ. ಯಾರೂ ಕಾರಿನಿಂದ ಇಳಿಯದೆ 35 ಕಿಲೋಮೀಟರ್ ನಿಧಾನವಾಗಿ ಓಡಿಸಿಕೊಂಡು ಮನೆ ಸೇರಿದೆವು. ಆ ರಾತ್ರಿ ರನ್-ಫ್ಲಾಟ್ ತನ್ನ ಮಾತನ್ನು ಉಳಿಸಿಕೊಂಡಿತು. ಮರುದಿನ ಟೈರ್ ಅಂಗಡಿಯವರು ಅದನ್ನು ರಿಪೇರಿ ಮಾಡಲು ಒಪ್ಪಲಿಲ್ಲ, ಮತ್ತು ಅವರು ಒಪ್ಪದಿದ್ದುದೇ ಸರಿ. ಗಾಳಿಯಿಲ್ಲದೆ ಓಡಿದ ಗೋಡೆ ಒಳಗೊಳಗೇ ಕಾದು ಶಿಥಿಲವಾಗಿರಬಹುದು, ಹೊರಗಿನಿಂದ ಅದು ಕಾಣುವುದಿಲ್ಲ. ಮೊಳೆಯ ತೂತು ಚಿಕ್ಕದಾಗಿದ್ದರೂ ಅರ್ಧವೂ ಸವೆಯದ ಟೈರನ್ನು ಎಸೆಯಬೇಕಾಯಿತು.

ಬದಲಾಯಿಸಲು ನಿರ್ಧರಿಸಿದಾಗ ಮೊದಲು ಓದಿದ್ದು ಕಾರಿನ ಕೈಪಿಡಿಯನ್ನು. ನನ್ನ ಕಾರಿಗೆ ಎರಡೂ ಬಗೆಯ ಟೈರ್‌ಗಳನ್ನು ಕಂಪನಿ ಒಪ್ಪಿದೆ. ಒಪ್ಪದ ಕಾರುಗಳೂ ಇರುವುದರಿಂದ, ವಾರಂಟಿ ಮತ್ತು ವಿಮೆಯ ಷರತ್ತುಗಳೊಂದಿಗೆ ಇದನ್ನು ಮೊದಲೇ ನೋಡಿಕೊಳ್ಳಬೇಕು. ಅಳತೆಯ ಪಕ್ಕದಲ್ಲಿರುವ 91 ಡಬ್ಲ್ಯೂ ಎಂಬ ಗುರುತು ಅಷ್ಟೇ ಮುಖ್ಯ. 91 ಎಂದರೆ ಒಂದು ಟೈರ್ 615 ಕಿಲೋ ಹೊರಬಲ್ಲದು, ಡಬ್ಲ್ಯೂ ಎಂದರೆ ಗಂಟೆಗೆ 270 ಕಿಲೋಮೀಟರ್ ವೇಗವನ್ನು ತಾಳಬಲ್ಲದು. ಅಷ್ಟು ವೇಗ ನಮಗೆ ಬೇಡದಿರಬಹುದು, ಆದರೂ ಹೊಸ ಟೈರಿನ ಈ ಅಂಕಿ ಅಕ್ಷರಗಳು ಕಾರಿಗೆ ನಿಗದಿಯಾದುದಕ್ಕಿಂತ ಕೆಳಗಿರಬಾರದು. ನಾಲ್ಕನ್ನೂ ಒಟ್ಟಿಗೆ ಬದಲಿಸಿದೆ. ಎರಡು ರನ್-ಫ್ಲಾಟ್, ಎರಡು ಸಾಮಾನ್ಯ ಎಂದು ಮಿಶ್ರಮಾಡಿದರೆ ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತವೆ. ದುಡ್ಡು ಉಳಿಸಲು ಹಾಗೆ ಮಾಡಬೇಡಿರೆಂದು ಕಳಕಳಿಯಿಂದ ಹೇಳುತ್ತೇನೆ.

ರಿಮ್ ಬದಲಿಸಬೇಕೆ ಎಂಬ ಆತಂಕ ನನಗೂ ಇತ್ತು. ಗಾಳಿ ಹೋದ ಟೈರ್ ಜಾರದಿರಲೆಂದು ರನ್-ಫ್ಲಾಟ್ ರಿಮ್ಮುಗಳ ಒಳಗೆ ಏರುದಿಣ್ಣೆಯೊಂದು ಸ್ವಲ್ಪ ಹೆಚ್ಚಾಗಿರುತ್ತದೆ. ಸಾಮಾನ್ಯ ಟೈರ್ ಕೂರಿಸಲು ಅದೇನೂ ಅಡ್ಡಿಯಲ್ಲ. ಹಳೆಯ ಗಡಸು ಟೈರ್‌ಗಳನ್ನು ಕಳಚುವುದೇ ಹೆಚ್ಚು ಕಷ್ಟ. ಅದಕ್ಕೆ ಹೆಚ್ಚುವರಿ ತೋಳಿರುವ ಯಂತ್ರವೂ ಪಳಗಿದ ಕೈಯೂ ಇರುವ ಅಂಗಡಿಯನ್ನೇ ಆರಿಸಿಕೊಂಡೆ, ಏಕೆಂದರೆ ವಾಲ್ವಿನ ಬುಡದಲ್ಲಿರುವ ಗಾಳಿಯ ಒತ್ತಡದ ಸೆನ್ಸರ್ ಒಂದು ತಪ್ಪು ಎಳೆತಕ್ಕೆ ಮುರಿದುಹೋಗುತ್ತದೆ. ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಮುಗಿದ ಮೇಲೆ ಒತ್ತಡದ ವ್ಯವಸ್ಥೆಯನ್ನು ರೀಸೆಟ್ ಮಾಡಿಸಿದೆ. ಕಳಚಿದ ಟೈರನ್ನೂ ಹೊಸದನ್ನೂ ತೂಗಿ ನೋಡಿದಾಗ ಒಂದೊಂದಕ್ಕೆ ಎರಡು ಕಿಲೋಗಿಂತ ತುಸು ಹೆಚ್ಚೇ ವ್ಯತ್ಯಾಸವಿತ್ತು.

ಇನ್ನು ಪರಿಣಾಮದ ಮಾತು. ಅಂಗಡಿಯಿಂದ ಹೊರಬಂದು ಮೊದಲ ಉಬ್ಬನ್ನು ದಾಟಿದಾಗಲೇ ವ್ಯತ್ಯಾಸ ತಿಳಿಯಿತು. ಹಿಂದೆ ಫಟ್ ಎಂದು ಬಡಿಯುತ್ತಿದ್ದ ಜಾಗದಲ್ಲಿ ಈಗ ಧಪ್ ಎಂಬ ಮೆತ್ತನೆಯ ಸದ್ದು. ಬಾಗಿಲುಗಳ ಒಳಪದರದ ಕಿರುಗುಟ್ಟುವಿಕೆ ನಿಂತೇಹೋಯಿತು. ಒರಟು ರಸ್ತೆಯಲ್ಲಿ ತಿರುಗುವಾಗ ಕಾರು ಪಕ್ಕಕ್ಕೆ ಕುಪ್ಪಳಿಸುತ್ತಿದ್ದುದು ಕಡಿಮೆಯಾಗಿ, ಟೈರ್ ನೆಲವನ್ನು ಕಚ್ಚಿ ಹಿಡಿದಂತೆನಿಸುತ್ತದೆ. ಅಮ್ಮ ಈಗ ಮೂರು ಗಂಟೆ ಕುಳಿತರೂ ಸೊಂಟದ ಮಾತೆತ್ತುವುದಿಲ್ಲ, ಮತ್ತು ಬದಲಾವಣೆಯ ಬಗ್ಗೆ ಅವರಿಗೆ ನಾವು ಮೊದಲೇ ಏನನ್ನೂ ಹೇಳಿರಲಿಲ್ಲ. ನನ್ನ ಮಟ್ಟಿಗೆ ಈ ವಿಮರ್ಶೆಯ ಅತ್ಯಂತ ಭಾರವಾದ ಸಾಕ್ಷಿ ಅದು.

ಕಳೆದುಕೊಂಡದ್ದೂ ಇದೆ. ಸ್ಟೀರಿಂಗ್ ತಿರುಗಿಸಿದ ಕ್ಷಣ ಕಾರು ಪ್ರತಿಕ್ರಿಯಿಸುತ್ತಿದ್ದ ಚುರುಕು ಸ್ವಲ್ಪ ಮಂದವಾಗಿದೆ. ವೇಗದ ತಿರುವಿನಲ್ಲಿ ಗೋಡೆ ಮೊದಲು ಬಾಗಿ ಆಮೇಲೆ ಕಾರು ತಿರುಗುತ್ತದೆಂಬುದು ಕೈಗೆ ಗೊತ್ತಾಗುತ್ತದೆ. ಒಂದು ತಿಂಗಳಲ್ಲಿ ನನಗದು ರೂಢಿಯಾಯಿತು, ಆದರೆ ಚಾಲನೆಯ ಚುರುಕನ್ನೇ ಮೆಚ್ಚಿ ಕಾರು ಕೊಂಡವರಿಗೆ ಇದು ಹಿಡಿಸದಿರಬಹುದು. ಇನ್ನೂ ಮೆತ್ತಗಾಗಲೆಂದು ಗಾಳಿಯನ್ನು ಇಳಿಸುವುದಂತೂ ಅಪಾಯ. ಬಾಗಿಲಿನ ಬಳಿಯ ಚೀಟಿಯಲ್ಲಿರುವ ಒತ್ತಡವನ್ನೇ ಟೈರ್ ತಣ್ಣಗಿರುವಾಗ ಅಳೆದು ತುಂಬಿಸಬೇಕು.

ಟೈರ್ ಬದಲಿಸಿದವರು ಸ್ಟೆಪ್ನಿ ಇಲ್ಲದ ಕಾರಿನ ಮಾಲೀಕರಾಗುತ್ತಾರೆ ಎಂಬುದನ್ನು ಅಂಗಡಿಗಳಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ನಾನು ಎರಡು ವ್ಯವಸ್ಥೆ ಮಾಡಿಕೊಂಡೆ. ಒಂದು, ಗಾಳಿ ತುಂಬುವ ಚಿಕ್ಕ ಕಂಪ್ರೆಸರ್ ಮತ್ತು ತೂತು ಮುಚ್ಚುವ ದ್ರಾವಣದ ಡಬ್ಬಿ. ಈ ದ್ರಾವಣ ನೆಲಕ್ಕೆ ತಾಗುವ ಭಾಗದ ಸಣ್ಣ ತೂತುಗಳಿಗೆ ಮಾತ್ರ ಉಪಯೋಗ. ಪಕ್ಕದ ಗೋಡೆ ಸೀಳಿದರೆ ಅದರಿಂದ ಏನೂ ಆಗದು, ಅಲ್ಲದೆ ಡಬ್ಬಿಯ ಮೇಲೆ ಮುಗಿಯುವ ದಿನಾಂಕವೂ ಇರುತ್ತದೆ. ಆದ್ದರಿಂದ ಎರಡನೆಯದಾಗಿ ಅದೇ ಮಾದರಿಯ ಕಾರಿಗೆ ಹೊಂದುವ ತೆಳು ಸ್ಟೆಪ್ನಿಯನ್ನೂ, ಜಾಕ್ ಮತ್ತು ನಟ್ಟು ಬಿಚ್ಚುವ ಪಾನಾವನ್ನೂ ಕೊಂಡೆ. ಕೊಳ್ಳುವ ಮುನ್ನ ಅದನ್ನು ಮುಂದಿನ ಚಕ್ರದ ಜಾಗದಲ್ಲಿ ಕೂರಿಸಿ, ಬ್ರೇಕಿನ ಕ್ಯಾಲಿಪರಿಗೆ ತಾಗುವುದಿಲ್ಲವೆಂದು ಖಾತರಿ ಮಾಡಿಕೊಂಡೆ. ಡಿಕ್ಕಿಯಲ್ಲಿ ಅದಕ್ಕೆ ಗುಳಿ ಇಲ್ಲದ್ದರಿಂದ ಪಟ್ಟಿಯಿಂದ ಬಿಗಿದು ಕಟ್ಟಿದ್ದೇನೆ. ಕಟ್ಟದ ಚಕ್ರ ಜೋರಾಗಿ ಬ್ರೇಕ್ ಹಾಕಿದಾಗ ಹಿಂದಿನ ಸೀಟಿನವರ ಬೆನ್ನಿಗೆ ಬಂದು ಬಡಿಯಬಹುದು. ಜಾಗದ ಮೂರನೇ ಒಂದು ಭಾಗ ಹೋಯಿತು.

ಹನ್ನೊಂದನೇ ತಿಂಗಳಲ್ಲಿ ಒಂದು ಮೊಳೆ ಚುಚ್ಚಿತು. ಒತ್ತಡದ ದೀಪ ಬೇಗನೆ ಎಚ್ಚರಿಸಿದ್ದರಿಂದ ಮೊಳೆಯನ್ನು ಕೀಳದೆ ಗಾಳಿ ತುಂಬಿಸಿ, ಆರು ಕಿಲೋಮೀಟರ್ ದೂರದ ಅಂಗಡಿಗೆ ನಿಧಾನವಾಗಿ ಹೋದೆ. ಟೈರ್ ಕಳಚಿ ಒಳಗಿನಿಂದ ಪ್ಯಾಚ್ ಹಾಕಿದರು. ಅದೇ ಟೈರ್ ಇಂದಿಗೂ ಓಡುತ್ತಿದೆ. ಆದರೆ ಅಂದು ಹಗಲಾಗಿತ್ತು, ಅಂಗಡಿ ಹತ್ತಿರವಿತ್ತು, ಮೊಳೆ ಚುಚ್ಚಿದ್ದು ನೆಲಕ್ಕೆ ತಾಗುವ ಭಾಗಕ್ಕೆ. ಈ ಮೂರರಲ್ಲಿ ಒಂದು ತಪ್ಪಿದ್ದರೂ ರಸ್ತೆಯ ಬದಿಯಲ್ಲಿ ಜಾಕ್ ಏರಿಸಬೇಕಾಗುತ್ತಿತ್ತು.

ನನ್ನ ಕಾರಿಗೆ ಮುಂದಿನ ಸಲವೂ ಸಾಮಾನ್ಯ ಟೈರ್‌ಗಳನ್ನೇ ಹಾಕಿಸುತ್ತೇನೆ. ಮಗಳ ಕಾರಿನಲ್ಲೂ ರನ್-ಫ್ಲಾಟ್‌ಗಳಿವೆ. ಆಸ್ಪತ್ರೆಯ ರಾತ್ರಿ ಪಾಳಿ ಮುಗಿಸಿ ಅವಳು ಒಬ್ಬಳೇ ನಿರ್ಜನ ಹೆದ್ದಾರಿಯಲ್ಲಿ ಮನೆಗೆ ಬರುತ್ತಾಳೆ. ನನ್ನ ಕಾರಿನಲ್ಲಿ ಕುಳಿತು ನೋಡಿದ ಮೇಲೆ ತನ್ನದಕ್ಕೂ ಇವನ್ನೇ ಹಾಕಿಸಲೇ ಎಂದು ಕೇಳಿದಳು. ಆ ಪಾಳಿ ಇರುವವರೆಗೆ ಬೇಡ ಎಂದಿದ್ದೇನೆ.